ಕಿಟಕಿ ಇರುವ ಕೋಣೆಯ ದರ

ಶಿರಸಿಯ ಅಡಿಕೆ ಪೇಟೆಯಲ್ಲಿ ಚನ್ನಯ್ಯನವರಿಗೆ ಒಂದು ಹೆಸರಿತ್ತು: ಏರುವ ಪೇಟೆಯಲ್ಲಿ ಅವರು ಕೈ ಹಾಕುವವರಲ್ಲ. ಟೆಂಡರಿನ ಹೊತ್ತಿಗೆ ಉಳಿದ ಖರೀದಿದಾರರು ಗುಡ್ಡೆಯಿಂದ ಗುಡ್ಡೆಗೆ ಓಡಾಡಿ ಚೀಟಿಯಲ್ಲಿ ದರ ಗೀಚುತ್ತಿದ್ದರೆ, ಇವರು ಒಂದೇ ಒಂದು ಅಡಿಕೆ ಎತ್ತಿ, ಒಡೆದು, ಒಳಗಿನ ಬಣ್ಣ ನೋಡಿ, ಗಂಟಲು ಸರಿಮಾಡಿಕೊಂಡು, "ತಡೀರಿ, ಇನ್ನೊಂದು ವಾರ ನೋಡೂಣು. ಇಳೀತೈತಿ" ಎನ್ನುತ್ತಿದ್ದರು. ಬಹಳ ಸಲ ಇಳಿದೂ ಇಳಿಯುತ್ತಿತ್ತು. ಆ ಒಂದು ವಾರದ ಮೇಲೆಯೇ ಅವರು ಮನೆ ಕಟ್ಟಿದ್ದರು, ಮಗಳು ತನುಜಾಳನ್ನು ಓದಿಸಿ, ಮದುವೆ ಮಾಡಿ ಯಲ್ಲಾಪುರಕ್ಕೆ ಕಳಿಸಿದ್ದರು.

ಹೆಂಡತಿ ಸಾವಿತ್ರವ್ವ ಬನವಾಸಿ ಕಡೆಯವರು. ಅವರಿಗಿದ್ದ ಹೆಸರೇ ಬೇರೆ. ಯಾವ ದನಿಯೇ ಇರಲಿ, ಒಂದು ಸಲ ಕಿವಿಗೆ ಬಿದ್ದರೆ ಮರುದಿನ ಅದು ಅವರ ಬಾಯಲ್ಲಿ ಇರುತ್ತಿತ್ತು. ಹಾಲಿನವನ ಕೆಮ್ಮು, ಬಸ್ ನಿಲ್ದಾಣದಲ್ಲಿ ಮೂಗಿನಿಂದ ಹೊರಡುವ "ಸಿದ್ದಾಪುರ, ಸಾಗರ ಕಡೆಗೆ ಹೋಗುವ ಪ್ರಯಾಣಿಕರು", ಗ್ಯಾಸ್ ಬುಕ್ ಮಾಡಿದರೆ ಮಾತಾಡುವ ಯಂತ್ರದ ಹುಡುಗಿ, ಎಲ್ಲವೂ. ಒಮ್ಮೆ ಬೀಗಿತ್ತಿಯ ದನಿಯಲ್ಲಿ ಮಗಳಿಗೇ ಫೋನು ಮಾಡಿ, "ಸಾರಿಗೆ ಉಪ್ಪು ಯಾಕ ಹಾಕಿಲ್ಲ" ಎಂದು ಗದರಿಸಿ, ಪಾಪದ ಹುಡುಗಿಯಿಂದ "ತಪ್ಪಾತ್ರಿ ಅತ್ತಿ" ಎನ್ನಿಸಿಕೊಂಡಿದ್ದರು. ಬೀಗಿತ್ತಿ ಅದೇ ಹೊತ್ತಿಗೆ ಮಗಳ ಪಕ್ಕದ ಕೋಣೆಯಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದರೆಂಬುದು ಆಮೇಲೆ ತಿಳಿದ ಸಂಗತಿ.

ಒಂದೇ ಒಂದು ದನಿಯನ್ನು ಮಾತ್ರ ಸಾವಿತ್ರವ್ವ ಮುಟ್ಟುತ್ತಿರಲಿಲ್ಲ. "ಅವ್ವಾ, ಅಪ್ಪಂದು ಮಾಡಬೇ" ಎಂದು ತನುಜಾ ಎಷ್ಟು ಗೋಗರೆದರೂ, "ಹೆಸರೇ ಹೇಳೂದಿಲ್ಲ ಅಂದಮ್ಯಾಲ ದನಿ ತಗೊಳ್ಳೂದು ಹೆಂಗವಾ" ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಇಂಥ ಮನೆಗೆ ಹಡಗು ಬಂದದ್ದು ಎದುರುಮನೆಯ ಪರಿಮಳಾಳಿಂದ. ಮುಂಬೈನಿಂದ ಹೊರಟು ಸಮುದ್ರದ ಮೇಲೆ ತಿರುಗಿ ಬಂದಿದ್ದ ಪರಿಮಳಾ ಫೋನಿನಲ್ಲಿ ವಿಡಿಯೊ ತೋರಿಸಿದಳು. ಬಿಳಿ ಹಾಸಿಗೆ, ಅದಕ್ಕೆ ತಾಗಿದಂತೆ ದೊಡ್ಡ ಕಿಟಕಿ, ಕಿಟಕಿಯ ತುಂಬ ನೀರು. ಸಾವಿತ್ರವ್ವ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

"ಸಮುದ್ರ ನೋಡಬೇಕಂದ್ರ ಘಟ್ಟ ಇಳಿದ್ರ ಕುಮಟಾ ಐತಿ. ಬಸ್ ಚಾರ್ಜಿನಾಗ ಮುಗೀತೈತಿ" ಎಂದರು ಚನ್ನಯ್ಯ. ಉಳಿತಾಯದ ಮೊದಲ ಉಪಾಯ ಇದು.

"ಅದು ದಂಡಿ ಸಮುದ್ರರಿ. ನಿಂತು ನೋಡಿ, ಕಾಲಿನ ಉಸುಕು ಝಾಡಿಸಿಕೊಂಡು ಬರೂದು. ನನಗ ಯಾವ ಕಡೆಗೂ ದಂಡಿ ಇಲ್ಲದ ಸಮುದ್ರ ಬೇಕು. ಹಾಸಿಗ್ಯಾಗ ಮಲಕೊಂಡು ಕಣ್ಣು ಬಿಟ್ರ ನೀರು ಕಾಣಬೇಕು. ಒಂದ್ ಸಲ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಸಾವಿತ್ರವ್ವ "ನನಗ ಬೇಕು" ಎಂದದ್ದು ಚನ್ನಯ್ಯನವರಿಗೆ ನೆನಪಿರಲಿಲ್ಲ. ಅವರು ಒಪ್ಪಿಕೊಂಡರು. ಒಪ್ಪಿಕೊಂಡದ್ದೇ ವ್ಯಾಪಾರಿಯ ಬುದ್ಧಿ ಎದ್ದು ಕೂತಿತು.

ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಪ್ರವಾಸದ ಆಫೀಸು ಇಟ್ಟಿದ್ದ ಮಂಚಿಕೇರಿಯ ದರ್ಶನನಿಗೆ ಅಂದಿನಿಂದ ಚನ್ನಯ್ಯನವರ ದರ್ಶನ ವಾರಕ್ಕೊಮ್ಮೆ ತಪ್ಪದೆ ಆಗತೊಡಗಿತು. ಅಡಿಕೆ ಒಡೆದಂತೆ ಅವರು ಹಡಗನ್ನೂ ಒಡೆದು ಒಳಗೆ ನೋಡಿದರು. ಜಾಹೀರಾತಿನ ದರ ಬರೀ ಸಿಪ್ಪೆ. ಬಂದರಿನ ಶುಲ್ಕ, ತೆರಿಗೆ, ಕೆಲಸದವರ ಟಿಪ್ಸ್ ಸೇರಿದ ಮೇಲೆಯೇ ತಿರುಳು. ಉಳಿತಾಯದ ಟಿಪ್ಸ್ ಎಷ್ಟೇ ಗೊತ್ತಿದ್ದರೂ ಆ ಟಿಪ್ಸ್ ತಪ್ಪುವುದಿಲ್ಲ. ಊಟ ದರದಲ್ಲೇ ಬರುತ್ತದೆ, ಕುಡಿಯುವ ಪ್ಯಾಕೇಜು ನಮಗೆ ಬೇಡ. ಹಡಗು ಹತ್ತುವ ಮೊದಲು ಫೋನಿನ ರೋಮಿಂಗ್ ಬಂದ್ ಮಾಡಬೇಕು, ಇಲ್ಲದಿದ್ದರೆ ಒಂದು ಹಲೋಗೆ ಒಂದು ಚೀಲ ಅಡಿಕೆ ಹೋಗುತ್ತದೆ. ಗೋವೆಯಲ್ಲಿ ಇಳಿದರೆ ಹಡಗಿನವರ ಬಸ್ಸು ಹತ್ತದೆ ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಬೇಕು. ಸಾವಿತ್ರವ್ವನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಇಲ್ಲಿಂದಲೇ ಒಯ್ಯಬೇಕು, ಹಡಗಿನ ಡಾಕ್ಟರು ಕೈ ಹಿಡಿದರೂ ಬಿಲ್ಲು. ಮುಂಬೈಗೆ ಒಂದು ದಿನ ಮೊದಲೇ ಮುಟ್ಟಬೇಕು; ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಮತ್ತೆ ಎಲ್ಲಕ್ಕಿಂತ ದೊಡ್ಡದು: ಕಿಟಕಿಯಿಲ್ಲದ ಒಳಕೋಣೆ ತೆಗೆದುಕೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ.

"ಅದೊಂದು ಬ್ಯಾಡ್ರಿ" ಎಂದಿದ್ದರು ಸಾವಿತ್ರವ್ವ. "ಕಿಡಕಿ ಇಲ್ಲದ ಕೋಣಿ ನಮ್ಮನ್ಯಾಗೂ ಐತಿ, ಅಡಿಕಿ ಚೀಲ ಇಟ್ಟೀರಲ್ಲ."

ಹಾಗಾದರೆ ಕಿಟಕಿಯ ಕೋಣೆಯೇ ಆಗಲಿ, ಆದರೆ ದರ ಇಳಿಯಲಿ ಎಂದಾಯಿತು. ಮೊದಲ ವರ್ಷ ದೀಪಾವಳಿ, ಕ್ರಿಸ್‌ಮಸ್ಸಿನ ರಜೆಯ ಏರುದರ ಇಳಿಯಲೆಂದು ಕಾದರು. ಇಳಿಯುವಷ್ಟರಲ್ಲಿ ಬೇಸಿಗೆ ರಜೆ ಬಂತು, ಮತ್ತೆ ಏರಿತು. ಮರುವರ್ಷ ಕಡೇ ಗಳಿಗೆಯ ರಿಯಾಯಿತಿ ಹಿಡಿಯುತ್ತೇನೆಂದು ಹೊಂಚು ಹಾಕಿದರು. ಅದು ಬಂದಾಗ ಕುಮಟಾದಿಂದ ರೈಲಿಗೆ ಟಿಕೆಟ್ಟೇ ಇರಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಅರ್ಧ ದರವೆಂದು ದರ್ಶನ ಓಡಿಬಂದು ಹೇಳಿದಾಗ, ಅರ್ಧಕ್ಕೆ ಇಳಿದದ್ದು ಪುಕ್ಕಟೆಗೂ ಇಳಿದೀತೆಂದು ಅದನ್ನೂ ಬಿಟ್ಟರು. ದರ ಇಳಿಯಲೆಂದು ಕಾಯುತ್ತ ಗಂಡಹೆಂಡತಿ ದಡದಲ್ಲೇ ಉಳಿದರು.

"ಸಾವ್ಕಾರ್ರೇ, ಇದು ಅಡಿಕೆ ಅಲ್ಲ ಮಾರಾಯ್ರೇ, ಗೋದಾಮಿನಲ್ಲಿಟ್ಟು ಕಾಯ್ಲಿಕ್ಕೆ" ಎನ್ನುತ್ತಿದ್ದ ದರ್ಶನ. ಮನೆಯಲ್ಲಿ ಸಾವಿತ್ರವ್ವ ಆ ಮಾತನ್ನು ದರ್ಶನನ ದನಿಯಲ್ಲೇ ಹೇಳಿ ನಗಿಸುತ್ತಿದ್ದರು. ಮನೆಯ ಬೇರೆ ಖರ್ಚು ಬಂದಾಗಲೆಲ್ಲ ಚನ್ನಯ್ಯ, "ಹಡಗಿನ ರೊಕ್ಕ ಮುಟ್ಟೂದಿಲ್ಲ ಮತ್ತ. ಅದು ನಿಂದು" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು.

ಈ ನಡುವೆ ಸಾವಿತ್ರವ್ವ ಅಕ್ಕಿ ಆರಿಸುವುದನ್ನು ಬಿಟ್ಟರು. ಈಗ ಅಂಗಡಿಯ ಅಕ್ಕಿ ಸ್ವಚ್ಛ ಬರುತ್ತದೆ ಎಂದರು. ಬನವಾಸಿಗೆ ಹೋಗುವುದನ್ನು ಬಿಟ್ಟರು, ಬಸ್ಸಿನಲ್ಲಿ ಸೊಂಟ ನೋಯುತ್ತದೆ ಎಂದರು. ಟಿವಿಯನ್ನು ಬಾಗಿಲ ಕಡೆ ಮುಖ ಮಾಡಿಕೊಂಡೂ ಕೇಳುತ್ತಿದ್ದರು. ಆದರೆ ಗೇಟಿನ ಸದ್ದಾದರೆ ಸಾಕು, ಬಂದವರು ಬಾಯಿ ತೆರೆಯುವ ಮೊದಲೇ "ಬಾ ಪರಿಮಳಾ" ಎನ್ನುತ್ತಿದ್ದರು. ಚಪ್ಪಲಿ ಎಳೆಯುವ ರೀತಿ, ಉಸಿರು ಬಿಡುವ ರೀತಿ, ಬಳೆ ಸದ್ದು: ಊರಿನ ಮುಕ್ಕಾಲು ಜನ ಅವರ ಕಿವಿಯಲ್ಲಿ ಆಗಲೇ ಇದ್ದರು. "ಸಾವಿತ್ರವ್ವಾರ ಕಣ್ಣು ಭಾಳ ಚುರುಕು" ಎಂದು ಓಣಿಯಲ್ಲಿ ಎಲ್ಲರೂ ಹೇಳುವವರೇ.

ಮಹಾಶಿವರಾತ್ರಿ ಮುಗಿದು ಪರೀಕ್ಷೆಯ ದಿನಗಳು ಬಂದಾಗ ದರ ಇಳಿಯಿತು. ಚನ್ನಯ್ಯ ಅಂದುಕೊಂಡದ್ದಕ್ಕಿಂತಲೂ ಕೆಳಗೆ ಇಳಿಯಿತು. ದರ್ಶನ ಎರಡು ಹಾಳೆಗಳ ಮೇಲೆ ಎರಡು ಕೋಣೆಗಳ ಬಣ್ಣದ ಚಿತ್ರ ತೆಗೆದುಕೊಟ್ಟ. ಒಂದು ಒಳಕೋಣೆ, ಒಂದು ಕಿಟಕಿಯದು. ಗೆದ್ದ ಟೆಂಡರಿನ ಚೀಟಿಯಂತೆ ಅವನ್ನು ಹಿಡಿದು ಚನ್ನಯ್ಯ ಮನೆಗೆ ಬಂದರು. ಒಳಕೋಣೆಯ ಹಳೆಯ ದರಕ್ಕೇ ಕಿಟಕಿಯದನ್ನು ಗೆದ್ದದ್ದು ಹೆಂಡತಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಮೊದಲು ಒಳಕೋಣೆಯ ಹಾಳೆಯನ್ನೇ ಅವರ ಮುಂದೆ ಹಿಡಿದರು. ಹಾಸಿಗೆಯ ಪಕ್ಕದಲ್ಲಿ ಖಾಲಿ ಗೋಡೆ.

ಸಾವಿತ್ರವ್ವ ಹಾಳೆಯನ್ನು ಹತ್ತಿರ ತಂದುಕೊಂಡು, ಕೈಯಿಂದ ಸವರಿ, "ಎಷ್ಟ ದೊಡ್ಡ ಕಿಡಕಿರಿ ಇದು. ನೀರು ಹಾಸಿಗಿ ಮಟಾ ಬಂದೈತಲ್ಲ" ಎಂದರು.

ತಮಾಷೆಗೆ ಹೇಳಿದ್ದಾರೆಂದು ಚನ್ನಯ್ಯ ನಕ್ಕರು. ಸಾವಿತ್ರವ್ವ ನಗಲಿಲ್ಲ. ಅವರ ಬೆರಳು ಗೋಡೆಯ ಮೇಲೇ ಇತ್ತು. ಚನ್ನಯ್ಯ ಹಾಳೆಯನ್ನು ತಿರುವಿ, ಏನೂ ಅಚ್ಚಾಗದ ಬಿಳಿಯ ಬೆನ್ನನ್ನು ಮುಂದೆ ಮಾಡಿದರು.

"ಮತ್ತ ಇದು?"

"ಇದೂ ಚೊಲೋ ಐತಿ. ಆದ್ರ ಮೊದಲಿಂದೇ ಇರಲಿ."

ಚನ್ನಯ್ಯ ಕೂತುಬಿಟ್ಟರು. "ಯಾವಾಗಿಂದ?" ಎಂದು ಕೇಳಿದರು.

ಸಾವಿತ್ರವ್ವನ ಕೈ ಹಾಳೆಯನ್ನು ಮಡಿಚತೊಡಗಿತು. "ಬಲಗಣ್ಣು ಹ್ವಾದ ಮಳಿಗಾಲದಾಗ. ಮೊದಲ ಕಪ್ಪು ಎಳಿ ತೇಲಿದಂಗ ಆಗೂದು. ಸಕ್ರಿ ಕಾಯಿಲೆ ಇದ್ದವರಿಗೆ ಹಂಗಾಗತೈತಿ ಅಂತ ಪರಿಮಳಾ ಹೇಳಿದ್ಲು, ಹುಬ್ಬಳ್ಳಿಗೆ ಹೋಗಿ ತೋರಸ್ರಿ ಅಂತನೂ ಅಂದ್ಲು. ದೀಪಾವಳಿ ಆದಮ್ಯಾಲ ಎಡಗಣ್ಣೂ ಮಬ್ಬಾತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಹಡಗಿನ ರೊಕ್ಕ ದವಾಖಾನಿಗೆ ಹೋಗ್ತಿತ್ತಲ್ರಿ. ಒಂದ್ ಸಲ ಸಮುದ್ರ ನೋಡಿಬಂದು ಆಮ್ಯಾಲ ತೋರಿಸಿದ್ರಾತು ಅಂದಕೊಂಡೆ. ನೀವೂ ಇವತ್ತು ನಾಳೆ ಅನ್ನಾಕಹತ್ತಿದ್ರಿ. ನಾನೂ ಇನ್ನೊಂದು ವಾರ, ಇನ್ನೊಂದು ವಾರ ಅಂತ ದೂಡಿದೆ."

"ಎರಡಕ್ಕೂ ಇತ್ತಲ್ಲ ರೊಕ್ಕ" ಎಂದರು ಚನ್ನಯ್ಯ. ಮತ್ತೆ, ತಮ್ಮಷ್ಟಕ್ಕೇ ಎಂಬಂತೆ, "ಎರಡಕ್ಕೂ ಇತ್ತು" ಎಂದರು.

ಮರುದಿನವೇ ಹುಬ್ಬಳ್ಳಿಗೆ ಹೋದರು. ಯಲ್ಲಾಪುರದಿಂದ ತನುಜಾ ದಾರಿಯಲ್ಲಿ ಕಾರು ಹತ್ತಿದಳು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿ ಪರದೆಯೇ ಎದ್ದುಬಂದಿದೆ ಎಂದರು. ಮೊದಲೇ ಬಂದಿದ್ದರೆ ಲೇಸರ್ ಮಾಡಿ ನಿಲ್ಲಿಸಬಹುದಿತ್ತು, ಈಗ ಬೆಳಕು ನೆರಳು ಉಳಿದಿದೆ, ಅದನ್ನಾದರೂ ಉಳಿಸಿಕೊಳ್ಳೋಣ ಎಂದರು. ಎಷ್ಟು ಮೊದಲು ಎಂದು ಚನ್ನಯ್ಯ ಕೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ತನುಜಾ ಅಪ್ಪನ ಕಡೆ ನೋಡದೆ ಹೇಳಿದಳು. "ಒಂದ್ ಅಡಿಕಿ ಒಡದು ಒಳಗ ನೋಡ್ತೀರಿ, ಹೊಳ್ಳಿಸಿ ನೋಡ್ತೀರಿ. ಅವ್ವನ ಕಣ್ಣಾಗ ಒಂದ್ ಸಲ ನೋಡಬಾರದಾ ಅಪ್ಪಾ?" ಹೇಳಿದ ಮೇಲೆ ತಾನೇ ಅತ್ತಳು. ಯಲ್ಲಾಪುರದಿಂದ ಎಷ್ಟು ಸಲ ಬಂದುಹೋಗಿದ್ದಳು, ಅವಳೂ ನೋಡಿರಲಿಲ್ಲ.

"ಅವರಿಗೆ ಅನಬ್ಯಾಡ" ಎಂದರು ಸಾವಿತ್ರವ್ವ. "ನಾ ಚೊಲೋ ನಾಟಕ ಮಾಡಿದೆ."

ಚಿಕಿತ್ಸೆಯ ಓಡಾಟ ಮುಗಿದು ಮನೆ ಮತ್ತೆ ಒಂದು ಲಯಕ್ಕೆ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು, ದರವೂ ಮತ್ತೆ ಏರಿತ್ತು. ಹಡಗಿನ ಮಾತನ್ನು ಯಾರೂ ಎತ್ತಿರಲಿಲ್ಲ. ಒಂದು ಸಂಜೆ ಸಾವಿತ್ರವ್ವನೇ ಎತ್ತಿದರು. ಜಗಲಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ, ಕಾಯಿಪಲ್ಲೆಯ ಲೆಕ್ಕ ಹೇಳುವ ಹಾಗೆ ಹೇಳಿದರು.

"ಹಡಗಿಗೆ ಹೋಗೂಣ್ರಿ. ಒಳಗಿನ ಕೋಣೀನೇ ತಗೋರಿ. ಭಾಳ ಉಳೀತೈತಿ ಅಂದಿದ್ರಲ್ಲ. ನನಗ ಇನ್ನ ಕಿಡಕಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಗಂಡನಿಗೆ ಸಹಾಯ ಮಾಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ಚನ್ನಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆಂದು ಹೇಳದೆ ಹೊರಟರು.

ದರ್ಶನ ಶಟರ್ ಎಳೆಯುವುದರಲ್ಲಿದ್ದ. "ಬಾಲ್ಕನಿ ಇರೂದು" ಎಂದರು ಚನ್ನಯ್ಯ. "ಹೊರಗ ಬಂದು ಕೂಡಾಕ ಬರೂವಂಥಾದ್ದು. ಮೊದಲ ಯಾವ ಹಡಗು ಹೋಗ್ತೈತೋ ಅದಕ್ಕ."

"ಈಗ ಬೇಡ ಸಾವ್ಕಾರ್ರೇ, ರೇಟು ತಲೆ ಮೇಲಿದೆ. ಕಿಟಕಿಯದ್ದಕ್ಕೂ ಇದಕ್ಕೂ ಮತ್ತೆ ಎಷ್ಟು ಫರಕು ಗೊತ್ತುಂಟಾ? ಹತ್ತು ಹನ್ನೆರಡು ದಿವಸ ತಡೆದರೆ ಒಂದು ಆಫರ್ ಬರ್ತದೆ. ನೀವೇ ಕಲಿಸಿದ್ದಲ್ವಾ ನನಗೆ."

"ಇವತ್ತಿನ ದರಾ ಹಾಕಪಾ" ಎಂದರು ಚನ್ನಯ್ಯ. ಎಷ್ಟೆಂದು ಕೇಳದೆ ಕಾರ್ಡು ಮುಂದಿಟ್ಟರು. ಅವರು ದರ ಕೇಳದೆ ಖರೀದಿ ಮಾಡಿದ್ದನ್ನು ಶಿರಸಿಯಲ್ಲಿ ನೋಡಿದವನು ದರ್ಶನ ಒಬ್ಬನೇ. ಅವನು ಅದನ್ನು ಪೇಟೆಯಲ್ಲಿ ಯಾರಿಗೂ ಹೇಳಲಿಲ್ಲ.

ಹಡಗಿನ ಮೊದಲ ಬೆಳಗು. ಚನ್ನಯ್ಯ ಹೆಂಡತಿಯನ್ನು ಕೈಹಿಡಿದು ಬಾಲ್ಕನಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಸಾವಿತ್ರವ್ವ ಕಂಬಿ ತಡವಿ ಹಿಡಿದು, ಗಾಳಿಗೆ ಮುಖ ಕೊಟ್ಟರು. ಆಗಲೇ ಹಡಗಿನ ಘೋಷಣೆಯ ದನಿಯನ್ನು ಕಲಿತಿದ್ದರು. ಇಂಗ್ಲಿಷು ಒಂದಕ್ಷರ ತಿಳಿಯದಿದ್ದರೂ ರಾಗ ತಪ್ಪದೆ ಹೇಳಿ, ಚಹಾ ತಂದ ಹುಡುಗಿಯನ್ನು ಬೆಚ್ಚಿಬೀಳಿಸಿದ್ದರು.

"ದಂಡಿ ಕಾಣ್ತೈತ್ರಿ?"

"ಇಲ್ಲ. ಯಾವ ಕಡೆಗೂ ಇಲ್ಲ."

"ನೀರು ಹೆಂಗೈತಿ?"

ಚನ್ನಯ್ಯ ಗಂಟಲು ಸರಿಮಾಡಿಕೊಂಡರು. ಅವರಿಗೆ ಬಣ್ಣ ಗೊತ್ತಿದ್ದದ್ದು ಒಂದೇ ವಸ್ತುವಿನದು. "ಹತ್ತಿರಕ್ಕ ಕರೀಗೈತಿ, ಕೆಟ್ಟ ಅಡಿಕಿ ಒಳಗ ಇರ್ತೈತಲ್ಲ ಹಂಗ. ದೂರಕ್ಕ ಹೋದಂಗ ಬೂದಿ ಬಣ್ಣ. ಮೂಡಲಕ್ಕ ಈಗ ಕೆಂಪು ಏರಾಕಹತ್ತೈತಿ. ಕೆಂಪು ಅಂದ್ರ ಬರೇ ಕೆಂಪಲ್ಲ, ಬೇಯಿಸಿದ ಅಡಿಕಿ ಒಣಾ ಹಾಕಿದ ಮೊದಲ ದಿನ..." ಅಲ್ಲಿಗೆ ನಿಂತರು.

ಸಾವಿತ್ರವ್ವ ಕೇಳುತ್ತಿದ್ದರು. ಸೂರ್ಯ ಬಂದದ್ದು ಅವರಿಗೆ ಮುಖದ ಬಿಸಿಯಿಂದ ಗೊತ್ತಾಗಿರಬೇಕು, ಕಣ್ಣು ಮುಚ್ಚಿಕೊಂಡರು. ಆಮೇಲೆ ಸಣ್ಣಗೆ ಗಂಟಲು ಸರಿಮಾಡಿಕೊಂಡರು, ಚನ್ನಯ್ಯ ಮಾಡುವ ಹಾಗೆಯೇ, ಎರಡು ಸಲ.

"ತಡಿ ಸಾವಿತ್ರಿ. ಇನ್ನೊಂದು ವಾರ ನೋಡೂಣು. ಇಳೀತೈತಿ."

ಚನ್ನಯ್ಯನವರ ದನಿ ಅದು. ಕಡೆಯ ಅಕ್ಷರದಲ್ಲಿ ಬರುವ ಎಳೆತವೂ ಇತ್ತು, ಗೆಲ್ಲುವವನ ಸಣ್ಣ ನಗುವೂ ಇತ್ತು. ಇಷ್ಟು ವರ್ಷ ಮುಟ್ಟದೆ ಇಟ್ಟಿದ್ದ ದನಿಯನ್ನು ಸಾವಿತ್ರವ್ವ ಒಂದು ಕೂದಲೆಳೆಯಷ್ಟೂ ತಪ್ಪದೆ ಆಡಿದರು. ಅಣಕವಾಗಿರಲಿಲ್ಲ. ಅದಕ್ಕೇ ಚನ್ನಯ್ಯನವರಿಗೆ ತಡೆಯಲಾಗಲಿಲ್ಲ. ತಮ್ಮ ಆ ಮಾತನ್ನು ಅವರು ಎಂದೂ ಹೊರಗಿನಿಂದ ಕೇಳಿರಲಿಲ್ಲ. ಅದು ಇಷ್ಟು ಅಕ್ಕರೆಯಿಂದ ಕೇಳಿಸುತ್ತದೆಂದು, ಕೇಳಿದವರು ನಂಬಿ ಕಾಯುತ್ತ ಕೂತಾರೆಂದು ಅವರಿಗೆ ಗೊತ್ತಿರಲಿಲ್ಲ.

ಅವರು ಹೆಂಡತಿಯ ಕೈಯನ್ನು ಕಂಬಿಯ ಮೇಲಿಂದ ತೆಗೆದು ತಮ್ಮ ಕೈಯಲ್ಲಿ ಇಟ್ಟುಕೊಂಡರು.

"ಸುಮ್ಮನಾದ್ರಲ್ಲ" ಎಂದರು ಸಾವಿತ್ರವ್ವ, ಈಗ ತಮ್ಮದೇ ದನಿಯಲ್ಲಿ. "ಅಡಿಕಿ ಒಣಾ ಹಾಕಿದ ಮೊದಲ ದಿನ ಅಂದ್ರಿ. ಮುಂದ ಹೇಳ್ರಿ."

ಸೂರ್ಯ ಪೂರ್ತಿ ಮೇಲೆ ಬಂದಿದ್ದ, ನೀರಿನ ಬಣ್ಣ ಆಗಲೇ ಬೇರೆಯಾಗಿತ್ತು. ಚನ್ನಯ್ಯ ಹೇಳಲೆಂದು ಆ ಕೆಂಪನ್ನು ನೀರಿನ ಮೇಲೆ ಹುಡುಕತೊಡಗಿದರು. ಸಾವಿತ್ರವ್ವ ಮುಖವನ್ನು ಸಮುದ್ರದ ಕಡೆಗೇ ಇಟ್ಟುಕೊಂಡು ಕಾಯುತ್ತ ಕೂತರು.