ತಗಡಿನ ಕಾಗೆ ಎಷ್ಟು ದೂರ

ಅತ್ತಿಗೆಯ ಕನ್ನಡಕ ಕಾಲುಚೀಲದೊಳಗಿತ್ತು, ಕಾಲುಚೀಲ ಕೈಚೀಲದ ತಳದಲ್ಲಿತ್ತು. ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಅಲ್ಲಿ ಮೇಜಿನ ಮೇಲೆ ಭೂತಗನ್ನಡಿ ಇದ್ದೇ ಇರುತ್ತದೆ, ಹಾಗಾಗಿ ಐವತ್ತು ದಾಟಿದ ಕಣ್ಣು ಹತ್ತಿರದ್ದನ್ನು ಕಾಣಲಾರದೆ ಸೋತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮನೆಯಲ್ಲಿ ಕಣ್ಣಿಗೆ ಮಣ್ಣೆರಚುವುದು ಇನ್ನೂ ಸುಲಭ. ಗಂಡನಾದವನು ಹೆಂಡತಿಯ ಮುಖವನ್ನು ಅಷ್ಟು ಗಮನವಿಟ್ಟು ನೋಡಿದರೆ ತಾನೆ?

ಆದರೆ ನಾದಿನಿಯಿಂದ ಮುಚ್ಚಿಡುವುದು ಕಷ್ಟ. ಸಿಟಿ ಬಸ್ಸು ಓಡಿಸುವ ಹುಡುಗಿ. ಮೂರು ಕನ್ನಡಿಗಳಲ್ಲಿ ಒಟ್ಟಿಗೆ ಊರು ನೋಡುವವಳು. ಅವರಿಬ್ಬರೂ ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಒಂದು ಜೋಡಿ. ಅಲ್ಲಿ ಎಷ್ಟು ದೂರ ಎಂದು ಹೇಳದೆ ತಗಡಿನ ಹಕ್ಕಿಗಳನ್ನು ನಿಲ್ಲಿಸಿರುತ್ತಾರೆ. ಹಕ್ಕಿಯ ಎದೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಗಾಳಿಕೋವಿಯ ಗುಂಡು ಆ ತೂತಿನೊಳಗೆ ಹೋದರೆ ಹಕ್ಕಿ ಮಗುಚುತ್ತದೆ. ಜೋಡಿಗೆ ಒಂದೇ ಕೋವಿ. ಒಬ್ಬರು ಕೋವಿಯ ಮೇಲಿನ ದುರ್ಬೀನು, ಅಂದರೆ ಸ್ಕೋಪಿನ, ಪಕ್ಕದ ಚಕ್ರ ತಿರುಗಿಸುತ್ತಾ, ಹಕ್ಕಿ ಸ್ಪಷ್ಟವಾದ ಕಡೆ ನಿಲ್ಲಿಸಿ, ಚಕ್ರದ ಮೇಲಿನ ಅಂಕಿ ಓದಿ ದೂರ ಹೇಳಬೇಕು. ಇನ್ನೊಬ್ಬರು ಆ ದೂರಕ್ಕೆ ತಕ್ಕಂತೆ ಗುರಿ ಸರಿಪಡಿಸಿ ಹೊಡೆಯಬೇಕು. ನಾದಿನಿ ಹೇಳುವವಳು, ಅತ್ತಿಗೆ ಹೊಡೆಯುವವಳು. ಕಳೆದ ಪಂದ್ಯದಲ್ಲಿ ಗುಂಡುಗಳೆಲ್ಲ ತೂತಿನ ಮೇಲೆ ಇಲ್ಲವೆ ಕೆಳಗೆ ಬಡಿದು, ಇಬ್ಬರೂ ಕಟ್ಟಕಡೆಗೆ ಬಂದಿದ್ದರು.

"ಪರವಾಗಿಲ್ಲ ಬಿಡಿ ಅತ್ತಿಗೆ, ವಯಸ್ಸಾಯ್ತಲ್ಲ" ಎಂದು ನಾದಿನಿ ಅಂದು ನಕ್ಕಿದ್ದಳು. ತಮಾಷೆಗೇ ಅಂದದ್ದು. ಆದರೂ ಆ ಮಾತು ಅತ್ತಿಗೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇವತ್ತು ನಾದಿನಿಗೆ ಒಳ್ಳೆಯ ಸ್ಕೋಪೊಂದನ್ನು ಆರಿಸಿಕೊಟ್ಟು, ಇನ್ನು ಬೇರೆ ಜೊತೆ ಹುಡುಕಿಕೋ ಎಂದು ಹೇಳಿಬಿಡಬೇಕು ಅಂತ ಅವಳು ನಿರ್ಧರಿಸಿಯೇ ಬಂದಿದ್ದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ದಿನವೂ ಕಂಡವರ ಬಾಯಿಗೆ ಹಲ್ಲು ಕೂರಿಸುವವಳಿಗೆ ಆ ಗಾದೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಜೆಯ ದಿನ, ಬಸ್ ಡಿಪೋದ ಉದ್ದನೆಯ ಶೆಡ್ಡು ಖಾಲಿಯಿತ್ತು. ಕೋವಿ ಮನೆಯಲ್ಲೇ ಉಳಿದಿತ್ತು. ಅಂಗಡಿಯವನು ನೋಡಿ ಹೇಳಿ ಎಂದು ಕೊಟ್ಟ ಎರಡು ಸ್ಕೋಪುಗಳನ್ನು ಅವರು ಮೇಜಿನ ಮೇಲಿನ ಮರದ ದಿಮ್ಮಿಗೆ ಬಿಗಿದಿದ್ದರು. ಒಂದು ಚಿಕ್ಕದು, ಹಗುರ. ಇನ್ನೊಂದು ಐವತ್ತು ಪಟ್ಟು ದೊಡ್ಡದಾಗಿ ತೋರಿಸುವ ದಡೂತಿ, ಅದರ ಚಕ್ರವೇ ಒಂದು ತಟ್ಟೆಯಷ್ಟು. ಶೆಡ್ಡಿನ ಆ ತುದಿಯಲ್ಲಿ ಗಂಡ ತಗಡಿನ ಕಾಗೆ ಹಿಡಿದು, ಅಳತೆಪಟ್ಟಿ ಬಿಚ್ಚಿಕೊಂಡು, ಹಳೆಯ ಟೈರಿನ ಮೇಲೆ ಆಸೀನನಾಗಿದ್ದ.

ನಾದಿನಿ ಮೊದಲು ಚಿಕ್ಕದರಲ್ಲಿ ನೋಡಿದಳು. "ಅತ್ತಿಗೆ, ಇದೇ ಚೆನ್ನಾಗಿದೆ. ಕಾಗೆ, ಅಣ್ಣ, ಹಿಂದಿನ ಗೋಡೆ, ಎಲ್ಲಾ ಸ್ಪಷ್ಟ!"

"ಎಲ್ಲಾ ಸ್ಪಷ್ಟವಾದ್ರೆ ಕಾಗೆ ಎಷ್ಟು ದೂರ ಅಂತ ತಿಳಿಯೋದು ಹೇಗೆ?" ಎಂದಳು ಅತ್ತಿಗೆ. ಕೇಳಿದ ಮೇಲೆ ಅವಳಿಗೇ ಆ ಪ್ರಶ್ನೆ ಹಿಡಿಸಿತು. ಚಕ್ರ ಎಷ್ಟು ತಿರುಗಿಸಿದರೂ ಚಿಕ್ಕದರಲ್ಲಿ ಏನೂ ಮಸುಕಾಗಲಿಲ್ಲ. ಮಸುಕೇ ಇಲ್ಲದಿದ್ದರೆ ಸ್ಪಷ್ಟಕ್ಕೆ ಬೆಲೆಯೆಲ್ಲಿ?

ದಡೂತಿಯಲ್ಲಿ ಕಾಗೆ ಬಿಟ್ಟು ಉಳಿದದ್ದೆಲ್ಲ ಮಂಜಾಯಿತು. ನಾದಿನಿ ಹಿಂಬದಿಯ ಗಾಜನ್ನು ತನ್ನ ಕಣ್ಣಿಗೆ ಹೊಂದಿಸಿಕೊಂಡು, ಚಕ್ರ ತಿರುಗಿಸಿ, "ಮೂವತ್ತೇಳು ಮೀಟರ್" ಎಂದಳು.

"ನಲವತ್ತು!" ಆ ತುದಿಯಿಂದ ಕೂಗು ಬಂತು.

ಮತ್ತೆ ತಿರುಗಿಸಿದಳು. "ನಲವತ್ತೆರಡು."

"ಕಾಗೆ ಕೂತಲ್ಲೇ ಇದೆ ಕಣೇ, ಹಾರಿಲ್ಲ!"

"ಈ ಸ್ಕೋಪೇ ಸರಿಯಿಲ್ಲ ಅಣ್ಣ."

"ಹೌದಮ್ಮ, ಕುಣಿಯಲಾರದವಳಿಗೆ ನೆಲ ಡೊಂಕು!"

ಅತ್ತಿಗೆಗೆ ಕುತೂಹಲ ತಡೆಯಲಾಗಲಿಲ್ಲ. ತನ್ನ ಗುಟ್ಟು ಮರೆತು ನಾದಿನಿಯನ್ನು ಎಬ್ಬಿಸಿ ತಾನೇ ಕೂತಳು. ಹಿಂಬದಿಯ ಗಾಜನ್ನು ತನ್ನ ಕಣ್ಣಿಗೆ ಹೊಂದಿಸಿ ಚಕ್ರ ತಿರುಗಿಸಿದಳು. ಮಸುಕು, ಮಸುಕು, ಥಟ್ಟನೆ ಕಾಗೆಯ ಕೊಕ್ಕಿನ ತುಕ್ಕು, ಮತ್ತೆ ಮಸುಕು. ಹಿಂದಕ್ಕೆ ಬಂದು ತುಕ್ಕಿನ ಮೇಲೆ ನಿಲ್ಲಿಸಿದಳು. ಅಂಕಿ ಓದಲು ತಲೆಯೆತ್ತಿದರೆ ಚಕ್ರದ ಮೇಲೆ ಇರುವೆ ಸಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ನೀನೇ ಓದು, ನನ್ನ ಕತ್ತು ಹಿಡ್ಕೊಂಡಿದೆ."

"ನಲವತ್ತು" ಎಂದಳು ನಾದಿನಿ. ಅವಳ ದನಿ ಬದಲಾಗಿತ್ತು. "ಅಣ್ಣ, ಕಾಗೆ ಬೇರೆ ಕಡೆ ಇಡು. ಎಲ್ಲಿ ಅಂತ ಹೇಳ್ಬೇಡ."

ಗಂಡ ಕಾಗೆಯನ್ನು ಹತ್ತಿರ ತಂದ, ದೂರ ಒಯ್ದ, ಕಂಬದ ಮರೆಗೆ ಅರ್ಧ ಬಚ್ಚಿಟ್ಟ. ಪ್ರತಿ ಸಲವೂ ಅತ್ತಿಗೆ ಕೊಕ್ಕಿನ ತುಕ್ಕು ಹಿಡಿದಳು, ನಾದಿನಿ ಅಂಕಿ ಓದಿದಳು, ಅಳತೆಪಟ್ಟಿ ಹೂಂ ಎಂದಿತು. ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ಇದೇನು ಮಾಟ ಅತ್ತಿಗೆ? ಅರ್ಧ ಮೈಲಿ ಆಚೆ ಸ್ಟಾಪಲ್ಲಿ ನಿಂತೋರನ್ನ ಎಣಿಸೋ ಕಣ್ಣು ನಂದು. ನಂಗೆ ಯಾಕೆ ಬರ್ತಿಲ್ಲ?"

ಅತ್ತಿಗೆ ಕೈಚೀಲದತ್ತ ನೋಡಿದಳು. ಉತ್ತರ ಅವಳಿಗೆ ಹೊಳೆದಿತ್ತು. ಅದನ್ನು ಹೇಳಬೇಕಾದರೆ ಕಾಲುಚೀಲ ತೆಗೆಯಬೇಕಿತ್ತು. ಹೇಳದಿದ್ದರೆ ಈ ಹುಡುಗಿ ಚಿಕ್ಕದನ್ನೇ ಕೊಂಡು ಇನ್ನೊಂದು ಪಂದ್ಯ ಸೋಲುತ್ತಾಳೆ. ಕೊನೆಗೆ ಕೈಚೀಲಕ್ಕೆ ಕೈ ಹಾಕಿ, ಕನ್ನಡಕ ತೆಗೆದು ಮೂಗಿಗೇರಿಸಿದಳು.

"ನಿನ್ನ ಕಣ್ಣು ಇನ್ನೂ ಚುರುಕು. ಗಾಜು ಸ್ವಲ್ಪ ತಪ್ಪಿದ್ರೂ ನಿನ್ನ ಕಣ್ಣೇ ಓಡಿಹೋಗಿ ಸರಿಮಾಡಿಬಿಡುತ್ತೆ. ಮೂವತ್ತೇಳಲ್ಲೂ ನಿಂಗೆ ಸ್ಪಷ್ಟ, ನಲವತ್ತೆರಡಲ್ಲೂ ಸ್ಪಷ್ಟ. ನಂದು ಎಲ್ಲೂ ಓಡಲ್ಲ ಕಣೇ, ಕೂತಲ್ಲೇ ಕೂತಿರುತ್ತೆ. ಕೆಲಸದ ಮೇಜಲ್ಲಿ ಹಲ್ಲು ಹಿಡಿದ್ರೂ ಹಾಗೇ, ನಾನೇ ಹಲ್ಲನ್ನ ಹಿಂದೆ ಮುಂದೆ ಸರಿಸಬೇಕು. ಒಂದು ಜಾಗ ಬಿಟ್ರೆ ಉಳಿದ ಕಡೆಯೆಲ್ಲ ಮಸುಕು. ಗಾಜು ಸರಿಯಾದಾಗ ಮಾತ್ರ ನಂಗೆ ಕಾಣೋದು."

ನಾದಿನಿ ಕನ್ನಡಕವನ್ನು ನೋಡಿದಳು, ಚಕ್ರವನ್ನು ನೋಡಿದಳು. ಡಿಪೋದ ಕಪಾಟಿನಿಂದ ಬಿಳಿ ಟೇಪು, ದಪ್ಪ ಮಾರ್ಕರು ತಂದಳು. ಚಕ್ರದ ಸುತ್ತ ಟೇಪು ಅಂಟಿಸಿ, ಬಸ್ಸಿನ ಹಣೆಯ ಮೇಲೆ ಬರೆಯುವಂಥ ದಪ್ಪ ಅಂಕಿಗಳನ್ನು ಒಂದೊಂದಾಗಿ ಬರೆದಳು.

"ಕನ್ನಡಕ ತೆಗ್ದು ಓದಿ ನೋಡೋಣ."

ಅತ್ತಿಗೆ ಕನ್ನಡಕ ತೆಗೆದಳು. "ನಲವತ್ತು, ನಲವತ್ತೈದು" ಎಂದು ಓದುತ್ತಾ ಅವಳು ಚಕ್ರವನ್ನು ಕೊನೆಯ ಅಂಕಿಯವರೆಗೂ ತಿರುಗಿಸಿದಳು. ಅಷ್ಟು ಸಂತೋಷವಾಗಿತ್ತು.

"ಹಾಗಾದ್ರೆ ದಡೂತೀನೇ ತಗೊಳ್ಳೋಣ. ಇನ್ಮೇಲೆ ದೂರ ಹೇಳೋದು ನೀವು, ಹೊಡೆಯೋದು ನಾನು." ಮಾರ್ಕರಿನ ಮುಚ್ಚಳ ಹಾಕುತ್ತಿದ್ದ ನಾದಿನಿಯ ಕೈ ಹಾಗೇ ನಿಂತಿತು. ಮುಖ ಬಾಡಿತು. "ಅಂದ್ರೆ ಕಳೆದ ಸಲ... ದೂರ ತಪ್ಪು ಹೇಳಿದ್ದೇ ನಾನು. ನೀವು ಸರಿಯಾಗೇ ಹೊಡೆದಿದ್ರಿ. ಆಮೇಲೆ ನಾನು ನಿಮಗೆ ಏನಂದೆ..."

"ಏನು ಗುಸುಗುಸು?" ಆ ತುದಿಯಿಂದ ಗಂಡ ಕೂಗಿದ. "ಕಾಗೆ ಎತ್ಲಾ, ಇಡ್ಲಾ?"

ಅತ್ತಿಗೆ ನಾದಿನಿಯ ಬೆನ್ನು ತಟ್ಟಿದಳು.

"ಪರವಾಗಿಲ್ಲ ಬಿಡೇ. ನಿಂಗಿನ್ನೂ ವಯಸ್ಸಾಗಿಲ್ವಲ್ಲ."