ಅಪ್ಪ-ಅಮ್ಮಂದಿರ ಒಂದನೇ ಕ್ಲಾಸು

ಪುಟ್ಟಬಸಮ್ಮ ಟೀಚರು ಮನುಷ್ಯರ ಮುಖ ನೋಡುವ ಮೊದಲು ಉಗುರು ನೋಡುತ್ತಿದ್ದರು. ಎದುರಿಗೆ ನಿಂತಿದ್ದು ಒಂದನೇ ಕ್ಲಾಸಿನ ಕೂಸಾಗಿರಲಿ, ತಪಾಸಣೆಗೆ ಬಂದ ಇನ್‌ಸ್ಪೆಕ್ಟರಾಗಿರಲಿ, ಮಂಗಳಾರತಿ ತಟ್ಟೆ ಹಿಡಿದ ಪೂಜಾರಪ್ಪನಾಗಿರಲಿ, "ಎಲ್ಲಿ, ತೋರ್ಸಿ ನೋಡನ" ಎಂದು ಅವರು ಅಂಗೈ ಚಾಚಿದರೆ ಮುಗಿಯಿತು. ಎದುರಿನವರ ಕೈ ತನ್ನ ಒಡೆಯನ ಅಪ್ಪಣೆಗೂ ಕಾಯದೆ ತಾನಾಗಿ ಮುಂದೆ ಬರುತ್ತಿತ್ತು. ಹೆಣ್ಣು ನೋಡಲೆಂದು ಅವರ ತವರೂರು ಉಡಿಗಾಲಕ್ಕೆ ಬಂದಿದ್ದ ಶಂಕರ್ ಎಂಬ ಬಸ್ ಕಂಡಕ್ಟರನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಡುವಾಗಲೇ ಅವರು ಅವನ ಹೆಬ್ಬೆರಳಿನ ಕರಿಯನ್ನು ಗುರುತಿಸಿ, ಹುಬ್ಬು ಒಂದಿಷ್ಟು ಮೇಲೆತ್ತಿದ್ದರಂತೆ. ಆತ ಅಂದು ಸಂಜೆಯೇ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಉಗುರು ಕತ್ತರಿ ಕೊಂಡ. ಮದುವೆಯೂ ಆಯಿತು.

ಸೀರೆಯ ಮೇಲೆ ಅವರು ತೊಡುತ್ತಿದ್ದುದು ಇದೇ ಶಂಕರನ ಹಳೆಯ ಖಾಕಿ ಕೋಟು. ತೋಳನ್ನು ಎಷ್ಟು ಮಡಚಿದರೂ ಅದು ಬೆರಳ ತುದಿಯವರೆಗೆ ಇಳಿದುಬರುತ್ತಿತ್ತು. ಒಂದು ಕಾಲಕ್ಕೆ ಚಿಲ್ಲರೆ ತುಂಬಿರುತ್ತಿದ್ದ ಅದರ ಜೇಬುಗಳಲ್ಲಿ ಈಗ ಹುಣಸೆ ಬೀಜ, ಸೀಮೆಸುಣ್ಣದ ತುಂಡು, ಪಿನ್ನು, ಯಾವುದೋ ಮಗುವಿನ ಬಿದ್ದ ಹಲ್ಲು. ಮೈಯನ್ನು ಮುಂದಕ್ಕೆ ಬಾಗಿಸಿ, ಎದುರುಗಾಳಿಯನ್ನು ನೆತ್ತಿಯಿಂದ ತಳ್ಳುವವರಂತೆ, ಗಾಳಿಯೇ ಇಲ್ಲದ ದಿನವೂ ಹಾಗೆಯೇ ಅವರು ದಡದಡ ನಡೆದುಬರುವಾಗ ಬೀಜಗಳು ಗಲಗಲ ಸದ್ದು ಮಾಡುತ್ತಿದ್ದವು. ದಂಡಯಾತ್ರೆಗೆ ಹೊರಟ ಅರಸರ ಮುಂದೆ ಕಹಳೆ ಊದುತ್ತಿದ್ದರಂತಲ್ಲ, ಗುಂಡ್ಲುಪೇಟೆಯ ಅಂಚಿನ ಆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಹಳೆಯ ಕೆಲಸವನ್ನು ಹುಣಸೆ ಬೀಜ ಮಾಡುತ್ತಿತ್ತು.

ಒಂದನೇ ಕ್ಲಾಸು ಅವರ ಸಾಮ್ರಾಜ್ಯ, ಅದಕ್ಕೆ ಅದರದೇ ಶಾಸನ. ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಮೂತಿ ರಸ್ತೆಯ ಕಡೆಗಿರುವಂತೆ ಬಿಡಬೇಕು. ಒಳಗೆ ಬಂದವರು ಬೆಳಿಗ್ಗೆ ತಿಂದದ್ದನ್ನೋ ದಾರಿಯಲ್ಲಿ ಕಂಡದ್ದನ್ನೋ ಒಂದೇ ಒಂದು ಮಾತಿನಲ್ಲಿ ಹೇಳಬೇಕು, ಮಿಕ್ಕವರು ಬಾಯಿ ಮುಚ್ಚಿ ಕೇಳಬೇಕು. ಹೊರಗೆ ಹೋಗಬೇಕಾದರೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಮರದ ತುಂಡನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಇದ್ದದ್ದು ಒಂದೇ ತುಂಡಾದ್ದರಿಂದ ಅದು ಮೊಳೆಗೆ ಮರಳುವ ತನಕ ಇನ್ನೊಬ್ಬರ ಹೊಟ್ಟೆ ನೋಯುವಂತಿರಲಿಲ್ಲ. ಇನ್ನು ಪಾಠವೋ, ಮೊದಮೊದಲ ತಿಂಗಳುಗಳಲ್ಲಿ ಅಕ್ಷರದ ಸುದ್ದಿಯೇ ಇಲ್ಲ. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆ ಬೀಜ ಜೋಡಿಸುತ್ತಿದ್ದರು. ಆಮೇಲೆ, ಅಕ್ಷರಮಾಲೆಯ ಸಾಲನ್ನು ಲೆಕ್ಕಿಸದೆ, ಬೆರಳಿಗೆ ಸಲೀಸಾಗಿ ಒಲಿಯುವ ರ, ಗ, ಸ. ಅದೂ ಪಿಸುಮಾತಿನಲ್ಲಿ.

ಈ ಪಿಸುಮಾತೇ ಟೀಚರಿಗೆ ಮುಳುವಾಯಿತು.

ಯಾಕೆಂದರೆ ನಮ್ಮ ಕಡೆಯ ಜನ ಶಾಲೆಯನ್ನು ಅಳೆಯುತ್ತಿದ್ದುದು ಕಿವಿಯಿಂದ. ಶಾಲೆಯ ಎದುರಿಗೆ, ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ನಿಲ್ಲುವ ಕಡೆ, ಮರಿಮಲ್ಲಪ್ಪನ ಟೀ ಹೋಟೆಲು. ಅದರ ಬೆಂಚಿನ ಮೇಲೆ ಕೂತು ಕಿವಿಗೊಟ್ಟರೆ ಯಾವ ಮೇಷ್ಟ್ರು ಸಂಬಳಕ್ಕೆ ತಕ್ಕ ಕೆಲಸ ಮಾಡುತ್ತಿದ್ದಾರೆಂಬುದು ಗೊತ್ತಾಗುತ್ತದೆಂದು ಊರಿನ ನಂಬಿಕೆ. ನಾಲ್ಕನೇ ಕ್ಲಾಸಿನ ಮಗ್ಗಿ ಲಾರಿಯ ಹಾರನ್ನನ್ನೂ ಮೀರಿಸುತ್ತಿತ್ತು, ಭೇಷ್. ಮೂರನೇ ಕ್ಲಾಸಿನಿಂದ ಆಗಾಗ ಬೆತ್ತದ ಸದ್ದೂ ಅಳುವೂ ಬರುತ್ತಿತ್ತು, ಅದೂ ಭೇಷ್. ಒಂದನೇ ಕ್ಲಾಸಿನಿಂದ ಮಾತ್ರ ಏನೂ ಬರುತ್ತಿರಲಿಲ್ಲ.

"ಒತ್ತು ಅನ್ನೊಂದಾಯ್ತು, ಒಂದ್ 'ಅ' ಅನ್ನಾದೂ ಕೇಳಿಲ್ಲ ಕಣ್ಲಾ," ಎಂದು ಮರಿಮಲ್ಲಪ್ಪ ಟೀ ಎತ್ತಿ ಸುರಿಯುತ್ತ ತೀರ್ಪು ಕೊಟ್ಟ.

"ನಿದ್ದೆ ಬಂದು ಮನೀಕಂಡವ್ರೆ ಅಂತ ಕಾಣ್ತದೆ," ಎಂದ ಬೆಂಚಿನ ಮೇಲೆ ಕೂತಿದ್ದ ಪುಟ್ಟಮಲ್ಲಪ್ಪ. ಅವನಿಗೆ ಶಾಲೆಗೆ ಹೋಗುವ ಮಕ್ಕಳಿರಲಿಲ್ಲ; ಹಾಗಾಗಿ ಶಿಕ್ಷಣದ ವಿಚಾರದಲ್ಲಿ ಅವನ ಅಭಿಪ್ರಾಯಗಳು ಬಹಳ ಖಚಿತವಾಗಿದ್ದವು.

ಮರಿಮಲ್ಲಪ್ಪನ ಮೊಮ್ಮಗಳು ಕುಮಾರಿ ಅದೇ ಒಂದನೇ ಕ್ಲಾಸಿನಲ್ಲಿದ್ದಳು. ಅದೇ ವರ್ಷ, ಅಂದರೆ ಚಾಮರಾಜನಗರವಿನ್ನೂ ಜಿಲ್ಲೆಯಾಗದೆ ನಾವೆಲ್ಲ ಮೈಸೂರಿನ ಸೆರಗು ಹಿಡಿದುಕೊಂಡಿದ್ದ ಕಾಲದಲ್ಲಿ, ಪೇಟೆಯ ಹಳೆ ಗೋಡೌನೊಂದರಲ್ಲಿ ಹೊಸ ಕಾನ್ವೆಂಟೊಂದು ಶುರುವಾಗಿತ್ತು. ಅದರ ಕಿಟಕಿಗಳಿಂದ ಎಬಿಸಿಡಿ ಬೆಳಗಿನಿಂದ ಸಂಜೆವರೆಗೆ ಹೊನಲಾಗಿ ಹರಿಯುತ್ತಿತ್ತು, ಮನೆ ಬಾಗಿಲಿಗೆ ಹಳದಿ ವ್ಯಾನು ಬರುತ್ತಿತ್ತು. ಸೋಮವಾರದಿಂದ ಕುಮಾರಿ ವ್ಯಾನು ಹತ್ತುತ್ತಾಳೆಂದು ಮರಿಮಲ್ಲಪ್ಪ ಸಾರಿದ. ಅವನ ಕೂಸು ಹೋದರೆ ಬೀದಿಯ ಕೂಸುಗಳೆಲ್ಲ ಹಿಂದೆಯೇ ಹೋಗುವುದು ಖಂಡಿತ. ಕ್ಲಾಸು ಖಾಲಿಯಾದರೆ ಟೀಚರ ಹುದ್ದೆ ಹೆಚ್ಚುವರಿ; ಹೆಚ್ಚುವರಿಯಾದವರನ್ನು ನಮ್ಮದೇ ತಾಲ್ಲೂಕಿನ ಕಾಡಂಚಿನ ಮದ್ದೂರಿನ ಕಡೆಗೆ ಎತ್ತಿಹಾಕುವ ಮಾತು ಆಗಲೇ ಆಫೀಸಿನಲ್ಲಿತ್ತು. ಆನೆಗಳ ಉಗುರು ನೋಡುವ ಧೈರ್ಯವೂ ಪುಟ್ಟಬಸಮ್ಮನವರಿಗೆ ಇತ್ತೆನ್ನಿ. ಆದರೆ ಅವರನ್ನು ಕೊರೆಯುತ್ತಿದ್ದುದು ಬೇರೆ: ಈಗಷ್ಟೇ ಗೆರೆ ತಿರುಗಿಸಲು ಕಲಿತ ಮಕ್ಕಳು ಇನ್ನೊಂದು ಗೋಡೌನಿನಲ್ಲಿ ಕೂತು ಗಂಟಲು ಹರಿದುಕೊಳ್ಳುವುದು.

ಹೆಡ್‌ಮೇಷ್ಟ್ರು ರಂಗನಾಯಕರು ಸಾಧುಗಳು, ಯಾರ ಜೊತೆಗೂ ನಿಷ್ಠುರ ಬೇಡದವರು. ಶುಕ್ರವಾರ ಸಂಜೆ ಬಾಗಿಲಲ್ಲಿ ನಿಂತು, "ಟೀಚರಮ್ಮ, ನಾಳೆ ತಂದೆ-ತಾಯಂದಿರು ಬರೋ ದಿನ. ಒಂದಿನದ ಮಟ್ಟಿಗೆ ಗಟ್ಟಿಯಾಗಿ ಏನಾದ್ರೂ ಹೇಳ್ಸಿಬುಡಿ," ಎಂದರು.

"ಹೇಳುಸ್ತೀನಿ ಸಾ," ಎಂದರು ಟೀಚರು. "ಮಕ್ಳ ಕೈಲಿ ಅಲ್ಲ."

ಕೋಟಿನ ಜೇಬಿನಲ್ಲಿ ಅವರ ಮುಷ್ಟಿಯೊಳಗಿದ್ದ ಸೀಮೆಸುಣ್ಣ ಆಗಲೇ ಹಿಟ್ಟಾಗಿತ್ತು. ಅದು ಹೆಡ್‌ಮೇಷ್ಟ್ರಿಗೆ ಕಾಣಲಿಲ್ಲ.

ತಂದೆ-ತಾಯಂದಿರ ಆ ಶನಿವಾರವನ್ನು ಪುಟ್ಟಬಸಮ್ಮ ಪ್ರತಿ ವರ್ಷವೂ ನಡೆಸುತ್ತಿದ್ದರು, ತಮ್ಮದೇ ರೀತಿಯಲ್ಲಿ. ಮಕ್ಕಳಿಗೆ ರಜ, ಅವರವರ ಜಾಗದಲ್ಲಿ ಅವರವರ ಮನೆಯ ದೊಡ್ಡವರು ಕೂರಬೇಕು. ಕುರ್ಚಿಯಿಲ್ಲ, ಭಾಷಣವಿಲ್ಲ, ಟೀ ಇಲ್ಲ. ಹೀಗೆ ಆವತ್ತು ಮೀಸೆ ಹೊತ್ತ ವೀರರೂ ಮೊಣಕಾಲು ನೋವಿನ ಅಜ್ಜಿಯರೂ ಗಿಡ್ಡ ಮಣೆಗಳ ಮೇಲೆ ಮಂಡಿ ಮಡಚಿ ಕೂತರು. ಮೊದಲು ಉಗುರಿನ ಸಮರ. ಹೊಲದ ಮಣ್ಣಿನ ಉಗುರು, ಎಲೆಯಡಿಕೆಯ ಉಗುರು, ಟೀ ಡಿಕಾಕ್ಷನ್ನಿನ ಉಗುರು ಒಂದೊಂದಾಗಿ ಶರಣಾದವು. ಪಾತ್ರೆಗೆ ಕಲಾಯಿ ಹಾಕುವ ಇನಾಯತ್ ಉಲ್ಲಾ, ಫಾಯಿಜಾಳ ಅಪ್ಪ, ತನ್ನ ಸುಟ್ಟ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದ್ದ. ಟೀಚರು ಅವನ್ನು ಹಿಡಿದು ನೋಡಿ, "ಇದು ಕೆಲಸದ ಕಪ್ಪು, ಹೋಗಲ್ಲ," ಎಂದು ಪಾಸು ಮಾಡಿದರು. ಚಪ್ಪಲಿ ನೇರ ಬಿಡದವರನ್ನು ಎಬ್ಬಿಸಿ ಕಳಿಸಿದರು. ಆಮೇಲೆ ಒಬ್ಬೊಬ್ಬರೂ ಬೆಳಿಗ್ಗೆ ತಿಂದದ್ದನ್ನು ಹೇಳಿದರು. ಕೂಲಿಗೆ ಹೋಗುವ ಗುರುಮಲ್ಲಮ್ಮ, "ಏನೂ ಇಲ್ಲ ಕನವ್ವ, ಈ ಇಸ್ಕೂಲ್ ಇತ್ತಲ್ಲ ಅಂತ ಅಂಗೇ ಬಂದ್ಬುಟ್ಟೆ," ಎಂದಳು. ಟೀಚರ ಜೇಬಿನಿಂದ ಕಡಲೆಯೂ ಬಂತು.

ಮರಿಮಲ್ಲಪ್ಪ ಮಾತ್ರ ಮಣೆಯ ಮೇಲೆ ಕೂತರೂ ಶರಣಾಗಲಿಲ್ಲ. "ಟೀಚರಮ್ಮ, ನಿಮ್ ಮರ್ವಾದಿ ಎಲ್ಲಾ ಸರಿ. ಮಕ್ಳು ಎಲ್ಡ್ ತಿಂಗ್ಳಿಂದ ಉಣ್ಸೆ ಬೀಜ ಜೋಡುಸ್ತಾವೆ. ಅದ್ನ ನಮ್ ಕೊಟ್ಗೇಲೂ ಜೋಡುಸ್ಬೋದು. ಬಾಯ್ಬುಟ್ಟು ಯೋಳ್ದಿದ್ರೆ ಇದ್ಯೆ ಎಂಗ್ ಅತ್ತದೆ?"

ತಲೆಗಳು ತೂಗಿದವು. ಟೀಚರೂ ತೂಗಿದರು. "ಸರಿ. ಇವತ್ತು ಬಾಯ್ಬಿಟ್ಟೇ ಹೇಳನ. ಇನಾಯತ್ ಉಲ್ಲಾ, ನೀವು ಬನ್ನಿ ಇಲ್ಲಿ. ನಿಮ್ಮಕ್ಷರ ಒಂದ್ನಾಲ್ಕು ಬರೀರಿ ಬೋರ್ಡ್ ಮೇಲೆ. ನಾವು ಕಲೀತೀವಿ."

"ನಾನಾ?" ಎಂದ ಇನಾಯತ್. "ನಾನು ಕಲಾಯಿಯವ್ನು ಟೀಚರಮ್ಮ."

"ನಾನು ಕಂಡಕ್ಟರ್ ಹೆಂಡ್ತಿ. ಬನ್ನಿ." ಕೈಗೆ ರೂಲ್‌ದೊಣ್ಣೆ ಕೊಟ್ಟು, ತಾವು ಹೋಗಿ ಫಾಯಿಜಾಳ ಮಣೆಯ ಮೇಲೆ, ಗುರುಮಲ್ಲಮ್ಮನ ಪಕ್ಕ, ಕೈ ಕಟ್ಟಿ ಕೂತರು.

ಇನಾಯತ್ ಉರ್ದುವಿನ ಮೊದಲ ಅಕ್ಷರಗಳನ್ನು ಬರೆದ: ಒಂದು ನೆಟ್ಟ ಕೋಲು, ಆಮೇಲೆ ತೊಟ್ಟಿಲಿನಂಥ ಗೆರೆಗಳು, ಅವುಗಳ ಮೇಲೂ ಕೆಳಗೂ ಚುಕ್ಕಿ. "ಅಲಿಫ್," ಎಂದ. ಕ್ಲಾಸು "ಅಲಿಫ್" ಎಂದಿತು. "ಬೇ, ಪೇ, ತೇ." ಎರಡನೇ ಸುತ್ತಿಗೆ ಅವನ ದನಿ ಏರಿತು, ಮೂರನೇ ಸುತ್ತಿಗೆ ರೂಲ್‌ದೊಣ್ಣೆ ಮೇಜಿಗೆ ಬೀಳತೊಡಗಿತು, ಗುರುಪೀಠ ಏರಿದವರಿಗೆಲ್ಲ ತಗಲುವ ರೋಗ ಅದು.

"ಸಾಬ್ರೇ, ಮೆತ್ಗೆ ಕುಟ್ಟಿ. ಅದು ಕಲಾಯಿ ಪಾತ್ರೆ ಅಲ್ಲ," ಎಂದಳು ಗುರುಮಲ್ಲಮ್ಮ.

ಆದರೂ ಎಂಥ ಘೋಷ ಅದು. ಮಾಡಿನ ಹೆಂಚು ಅದುರಿತು. ಪಾರಿವಾಳಗಳು ಶಾಲೆ ಬಿಟ್ಟವು. ಹೋಟೆಲಿನ ಬೆಂಚಿನ ಮೇಲಿದ್ದವರು ಗ್ಲಾಸು ಹಿಡಿದೇ ಹೊರಗೆ ಬಂದು ನಿಂತರು. ಎಲ್ಲರಿಗಿಂತ ಜೋರು ಮರಿಮಲ್ಲಪ್ಪನದು, ಟೀ ಕೂಗಿ ಪಳಗಿದ ಗಂಟಲು. ಅವನ ಮುಖದಲ್ಲಿ 'ನೋಡಿ, ಇದು ಇಸ್ಕೂಲು' ಎಂಬ ತೃಪ್ತಿ ಬೆಳಗುತ್ತಿತ್ತು.

ಆಗ ಮಣೆಯ ಮೇಲಿಂದಲೇ ಟೀಚರು ಬೆರಳೆತ್ತಿದರು. "ಮೇಷ್ಟ್ರೇ, ಇವನ್ನೆಲ್ಲ ಅಳಿಸಿ ಹಿಂದೆ ಮುಂದೆ ಮಾಡಿ ಬರೀರಿ. ಮರಿಮಲ್ಲಪ್ಪೋರು 'ಪೇ' ತೋರುಸ್ತಾರೆ."

ಮರಿಮಲ್ಲಪ್ಪ ಧೀರನಂತೆ ಎದ್ದ. ಬೋರ್ಡಿನ ಮುಂದೆ ನಿಂತ. ಒಂದು ತೊಟ್ಟಿಲಿನ ಮೇಲೆ ಬೆರಳಿಟ್ಟ.

"ಅದು ತೇ, ಅಣ್ಣಾ," ಎಂದ ಇನಾಯತ್ ಮೆಲ್ಲಗೆ. "ಚುಕ್ಕಿ ಮೇಲೈತೆ."

ಇನ್ನೊಂದರ ಮೇಲಿಟ್ಟ. ಅದೂ ಅಲ್ಲ. ಕೊನೆಗೆ ಎಡಗಡೆಯಿಂದ ಒಂದೊಂದನ್ನೇ ಮುಟ್ಟುತ್ತ ಅಲಿಫ್, ಬೇ, ಪೇ ಎಂದು ಹಾಡಿಕೊಂಡು ಹೋದ. ಹಾಡು ಒಂದು ದಾರಿ ಹಿಡಿದರೆ ಅಕ್ಷರಗಳು ಇನ್ನೊಂದು ದಾರಿ ಹಿಡಿದವು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. "ತಡೀರಿ, ಒಂದ್ ಬೀಡಿ ಸೇದ್ಕಬತ್ತಿನಿ," ಎಂದು ಬಾಗಿಲ ಕಡೆ ತಿರುಗಿದ.

ಮೊಳೆ ಖಾಲಿಯಿತ್ತು. ಮರದ ತುಂಡನ್ನು ಕೊರಳಿಗೆ ಹಾಕಿಕೊಂಡು ಪುಟ್ಟಮಾದು ಎಂಬೊಬ್ಬ ತಂದೆ ಆಗಲೇ ಹೋಗಿದ್ದ, ಮರಿಮಲ್ಲಪ್ಪನ ಹೋಟೆಲಿಗೇ, ಟೀ ಕುಡಿಯಲು. ಇಡೀ ಕ್ಲಾಸು ಮರಿಮಲ್ಲಪ್ಪನನ್ನೇ ನೋಡುತ್ತಿತ್ತು. ಶಾಸನವೆಂದರೆ ಶಾಸನ. ಅವನು ಬಂದು ಮಣೆಯ ಮೇಲೆ ಕೂತ.

ಇಲ್ಲಿ ಇನ್ನೊಬ್ಬರಾಗಿದ್ದರೆ ಒಂದು ಭಾಷಣ ಮಾಡುತ್ತಿದ್ದರು. ಪುಟ್ಟಬಸಮ್ಮ ಎದ್ದು, ಪ್ರತಿಯೊಬ್ಬರ ಮುಂದೆ ನೆಲದ ಮೇಲೆ ಇನಾಯತ್‌ನ ಕೈಯಲ್ಲೇ ತೊಟ್ಟಿಲಿನ ಗೆರೆ ಎಳೆಸಿ, ಕೋಟಿನ ಜೇಬಿನಿಂದ ಒಂದೊಂದು ಹಿಡಿ ಬೀಜ ಸುರಿದರು. ಕೆಳಗೆ ಒಂದು ಬೀಜ, ಬೇ. ಕೆಳಗೆ ಮೂರು, ಪೇ. ಮೇಲೆ ಎರಡು, ತೇ. ಇಟ್ಟು, ತೆಗೆದು, ಮತ್ತೆ ಇಟ್ಟು. ದೊಡ್ಡವರ ದಪ್ಪ ಬೆರಳುಗಳಿಂದ ಬೀಜ ಜಾರಿ ಹೋಗುತ್ತಿದ್ದವು. ನಾಲಗೆಗಳು ಹಲ್ಲಿನ ನಡುವೆ ಬಂದವು. ಮೊದಲು ಗುಸುಗುಸು, ಆಮೇಲೆ ಅದೂ ನಿಂತು, ಉಸಿರಾಟ ಮಾತ್ರ ಕೇಳತೊಡಗಿತು. ಇನಾಯತ್ ದೊಣ್ಣೆಯನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರ ಪಕ್ಕ ಕುಕ್ಕರುಗಾಲಲ್ಲಿ ಕೂತು ತಿದ್ದುತ್ತ ಬಂದ.

ಗುರುಮಲ್ಲಮ್ಮ ಬೀಜ ಇಡುತ್ತಲೇ, ತನಗೆ ತಾನೇ ಅಂದುಕೊಳ್ಳುವವಳಂತೆ, "ಈ ಸಾಬ್ರ ಕೂಸು ನಮ್ ಕನ್ನಡದ್ ಮಾತ್ನ ನಡೂವೆ ದಿನಾ ಇಂಗೇ ಕುಂತಿರ್ತದೆ ಅಲ್ವಾ ಟೀಚರಮ್ಮ," ಎಂದಳು. ಇನಾಯತ್ ಅವಳ ಗೆರೆಯ ಕೆಳಗಿನ ಬೀಜವೊಂದನ್ನು ಅದರ ಜಾಗಕ್ಕೆ ಸರಿಸಿದ.

ಒಳಗಿನಿಂದ ಸದ್ದಡಗಿದ್ದು ಹೋಟೆಲಿನವರಿಗೆ ಗಾಬರಿಯಾಗಿರಬೇಕು. ಪುಟ್ಟಮಲ್ಲಪ್ಪ ಜಗಲಿಗೆ ಬಂದು ಕಿಟಕಿಯಲ್ಲಿ ಇಣುಕಿ, "ಏನ್ಲಾ ಮರಿಮಲ್ಲ, ಎಲ್ಲಾ ಮನೀಕಬುಟ್ರಾ?" ಎಂದು ಕೂಗಿದ.

ಮರಿಮಲ್ಲಪ್ಪ ಮೂರನೇ ಬೀಜವನ್ನು ಅದರ ಜಾಗಕ್ಕೆ ತಳ್ಳುತ್ತಿದ್ದ. ನೆಲದಿಂದ ಕಣ್ಣು ತೆಗೆಯದೆ ಹೇಳಿದ: "ಸುಮ್ನಿರ್ಲಾ. ಓದ್ತಾ ಇವ್ನಿ."

ಸೋಮವಾರ ಹಳದಿ ವ್ಯಾನು ಹೋಟೆಲಿನ ಮುಂದೆ ನಿಂತು ಹಾರನ್ ಬಾರಿಸಿತು. ಟೀಚರು ಆಗ ಜಗಲಿಯಲ್ಲಿ ಚಪ್ಪಲಿಗಳ ಜೋಡಿ ಸರಿಪಡಿಸುವ ನೆವದಲ್ಲಿ ಬಗ್ಗಿದ್ದರು. ಸರಿಯಿದ್ದ ಚಪ್ಪಲಿಗಳನ್ನೇ ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ಮರಿಮಲ್ಲಪ್ಪ ಟೀ ಸೋಸುತ್ತಲೇ ಡ್ರೈವರಿಗೆ, "ಈ ವರ್ಸ ಬ್ಯಾಡ ಬುಡಪ್ಪ. ನಿಮ್ ಇಸ್ಕೂಲಲ್ಲಿ ಬಲೇ ಗಲಾಟೆ. ಮಕ್ಳು ಓದಾದ್ ಯಾವಾಗ?" ಎಂದದ್ದು ರಸ್ತೆ ದಾಟಿ ಅವರಿಗೂ ಕೇಳಿಸಿತು. ಎರಡು ಮನೆಯ ಮಕ್ಕಳು ವ್ಯಾನು ಹತ್ತಿದ್ದು ಸುಳ್ಳಲ್ಲ. ಉಳಿದವರು ಉಳಿದರು. ಹುದ್ದೆಯೂ ಉಳಿಯಿತು, ಮದ್ದೂರಿನ ಆನೆಗಳೂ ಬಚಾವಾದವು.

ಟೀಚರಲ್ಲಿ ಕುಂದಿರಲಿಲ್ಲವೆಂದಲ್ಲ. ಹಾಡು ಹೇಳಿಕೊಟ್ಟರೆ ಶ್ರುತಿ ಕೇರಳದ ಕಡೆಗೆ ಹೊರಟುಹೋಗುತ್ತಿತ್ತು. ಅವರ ಮಕ್ಕಳಿಗೆ ಮಗ್ಗಿ ತಡವಾಗಿ ಬರುತ್ತದೆಂದು ಎರಡನೇ ಕ್ಲಾಸಿನವರು ಗೊಣಗುತ್ತಿದ್ದರು, ಅದರಲ್ಲಿ ನಿಜವೂ ಇತ್ತು. ತಮ್ಮ ಮಾತೇ ನಡೆಯಬೇಕೆಂಬ ಹಟದಲ್ಲಿ ಅವರು ಯಾವ ದೊರೆಗೂ ಕಡಿಮೆಯಿರಲಿಲ್ಲ. ಮನೆಯಲ್ಲಿ ಶಂಕರ್ ಇವತ್ತಿಗೂ ಚಪ್ಪಲಿಯನ್ನು ಮೂತಿ ಹೊರಗೆ ಮಾಡಿಯೇ ಬಿಡುತ್ತಾನೆ.

ತಾವು ಮಾಡುವ ಕೆಲಸ ಎಷ್ಟು ದೊಡ್ಡದೆಂದು ವಿವರಿಸಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವಿವರಣೆ ಕೇಳಿದವರು ತಲೆದೂಗಿ, ಮನೆಗೆ ಹೋಗಿ, ಮೊದಲಿದ್ದ ಅಭಿಪ್ರಾಯವನ್ನೇ ಹೊದ್ದು ಮಲಗುತ್ತಾರೆ. ಪುಟ್ಟಬಸಮ್ಮನಂಥವರ ಪಂಗಡ ಸಣ್ಣದು. ಅವರು ನಮ್ಮಿಂದ ಒಂದು ಬೆಳಗಿನ ಹೊತ್ತನ್ನಷ್ಟೇ ಕೇಳಿ, ಗಿಡ್ಡ ಮಣೆಯೊಂದನ್ನು ಮುಂದಿಡುತ್ತಾರೆ. ಅಲ್ಲಿ ಕೂತಾಗಲೇ ನಮಗೆ ಗೊತ್ತಾಗುವುದು, ನಾವು ನಿಂತುಕೊಂಡು ತೀರ್ಪು ಕೊಡುತ್ತಿದ್ದಾಗ ಎದೆಮಟ್ಟಕ್ಕಿದ್ದ ಕರಿಹಲಗೆ ಐದು ವರ್ಷದ ಕೂಸಿಗೆ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು.