ಲಿಫ್ಟ್ ಕದಿಯುವುದು ಹೇಗೆಂದು ಕೇಳಿದವನು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಸವೆಸುವುದು ಅವನ ಕಸುಬು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರೆ, ಹಿಂದೆ ಇವನು ನೀರು ಚಿಮ್ಮುವ ಚಕ್ರಕ್ಕೆ ಗಾಜಿನ ಅಂಚು ಒಡ್ಡಿ, ಅದು ಫ್ರೇಮಿಗೆ ಕೂರುವ ತನಕ ತೇಯುತ್ತಿದ್ದ. ಗುರುತಿನವರಿಗೆಲ್ಲ ಅವನು ಕನ್ನಡಕದವನು. ಅವನೊಂದು ಕಾದಂಬರಿಗೆ ಕೈ ಹಾಕಿದ್ದಾನೆ ಎನ್ನುವುದು ಮಾತ್ರ ಹೆಂಡತಿಗೆ ಮತ್ತು ತಾಯಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು.

ಕಾದಂಬರಿಯ ನಾಯಕ ಒಬ್ಬ ಕಳ್ಳ. ಇದುವರೆಗೆ ಯಾರೂ ಕದಿಯದ ವಸ್ತುವನ್ನೇ ಕದಿಯಬೇಕೆಂಬ ಹಟದ ಮನುಷ್ಯ. ಮೊದಲ ಐದು ಅಧ್ಯಾಯಗಳನ್ನು ಕನ್ನಡಕದವನು ತನ್ನ ಪಾಡಿಗೆ ತಾನು ಬರೆದು ಮುಗಿಸಿದ್ದ. ಆಮೇಲೆ, ಹೊಸ ಲೇಖಕರಿಗೆ ಬೇಕಾದ ಸಕಲವೂ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಎಲ್ಲೋ ಓದಿದ. ಅಲ್ಲಿಗೆ ಬರವಣಿಗೆ ನಿಂತಿತು.

ಒಂದು ಜಾಲತಾಣ ಪಾತ್ರಗಳಿಗೆ ಹೆಸರು ಕೊಡುತ್ತಿತ್ತು. ಕಳ್ಳನಿಗೊಂದು ಹೆಸರು ಹುಡುಕುತ್ತ ಹೋದವನು ಕಳ್ಳನ ಮುತ್ತಾತನವರೆಗೂ ನಾಮಕರಣ ಮಾಡಿ ಬಂದ. ಕಳ್ಳನ ಹೆಸರು ಮಾತ್ರ ಗಟ್ಟಿಯಾಗಲಿಲ್ಲ. ಇನ್ನೊಂದು ತಾಣದಲ್ಲಿ ಚಕ್ರ ತಿರುಗಿಸಿದರೆ ಕಥೆಯ ಎಳೆ ಬರುತ್ತಿತ್ತು: ಒಬ್ಬ ಹಲ್ಲಿನ ಡಾಕ್ಟರು, ಒಂದು ದೋಣಿ, ಒಂದು ಸುಳ್ಳು. ಇವನ ಕಳ್ಳನಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ, ಆದರೂ ತಿರುಗಿಸಿದ. ಬರೆಯುವುದು ನಿಲ್ಲಿಸಿದರೆ ಬರೆದದ್ದನ್ನೆಲ್ಲ ಅಳಿಸಿಬಿಡುವ ತಾಣವೂ ಒಂದಿತ್ತು. ಸೋಮಾರಿಗಳಿಗೆ ಅದು ರಾಮಬಾಣವಂತೆ. ನೀರು ಕುಡಿಯಲು ಎದ್ದು ಬರುವಷ್ಟರಲ್ಲಿ ಆರನೆಯ ಅಧ್ಯಾಯದ ಮೊದಲ ಪುಟ ಗುಳುಂ ಆಗಿತ್ತು. ಮಳೆಯ ಸದ್ದು ಕೇಳಿಸಿ ಮನಸ್ಸು ನಿಲ್ಲಿಸುವ ತಾಣ ಹಾಕಿದ ದಿನ, ಹೆಂಡತಿ ಬಿಸಿಲಲ್ಲಿ ಒಣಗುತ್ತಿದ್ದ ಬಟ್ಟೆಯನ್ನೆಲ್ಲ ಎದ್ದೆನೋ ಬಿದ್ದೆನೋ ಎಂದು ಒಳಗೆ ತಂದು ಹಾಸಿಗೆಯ ಮೇಲೆ ಗುಡ್ಡೆ ಹಾಕಿದಳು. ವಿಷಯ ಗೊತ್ತಾದ ಮೇಲೆ ಅವನ ಮುಖವನ್ನೊಮ್ಮೆ ನೋಡಿ, ಬಟ್ಟೆಯನ್ನು ಮತ್ತೆ ಹೊರಗೆ ಹರವಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಯಾರಿಗೆ ಏನಾಗಿದೆ ಎಂದು ಮುಖ ನೋಡಿಯೇ ಹೇಳಬಲ್ಲವಳು.

ಪುಸ್ತಕದ ಮುಖಪುಟ ಮಾಡಿಕೊಡುವ ತಾಣದಲ್ಲಿ ಮುಖಪುಟವೂ ತಯಾರಾಯಿತು. ಒಳಗಡೆ ಪುಸ್ತಕವೊಂದೇ ಬಾಕಿ.

ಹೀಗಿರುವಾಗ ಅವನಿಗೆ ನೆಟ್ಟಿನಲ್ಲೇ 'ಕೇಳಿ ಬರೆಯಿರಿ' ಎಂಬ ಹರಟೆಕಟ್ಟೆ ಸಿಕ್ಕಿತು. ಬೇರೆ ಬೇರೆ ಕಸುಬಿನವರು ಅಲ್ಲಿ ಸೇರಿ, ಕಥೆಗಾರರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಹಡಗಿನ ಅಡುಗೆಯವನು ಬಿರುಗಾಳಿಯಲ್ಲಿ ಪಾತ್ರೆ ಹೇಗೆ ನಿಲ್ಲುತ್ತದೆ ಎಂದು ಹೇಳುವನು. ಸಮಾಧಿ ತೋಡುವವಳು ಮಣ್ಣಿನ ಗುಣ ವಿವರಿಸುವಳು. ಕನ್ನಡಕದವನು ಬಾಯಿ ಬಿಟ್ಟುಕೊಂಡು ಓದಿದ. ಕೊನೆಗೆ ಧೈರ್ಯ ಮಾಡಿ ತಾನೂ ಬರೆದ: "ಐದು ಮಹಡಿಯ ಕಟ್ಟಡದಿಂದ, ಅಲ್ಲಿ ವಾಸವಿರುವವರಿಗೆ ಅನುಮಾನ ಬಾರದಂತೆ ಲಿಫ್ಟನ್ನು ಕದಿಯುವುದು ಹೇಗೆ? ಕಾದಂಬರಿಗಾಗಿ ಕೇಳುತ್ತಿದ್ದೇನೆ."

ಮೊದಲು ಉತ್ತರಿಸಿದ್ದು ಹಗ್ಗದಜ್ಜ ಎಂಬ ಅಡ್ಡಹೆಸರಿನ, ಲಿಫ್ಟು ರಿಪೇರಿ ಮಾಡಿ ನಿವೃತ್ತನಾದ ಮುದುಕ. "ಬಿಚ್ಚಿ, ಭಾಗ ಭಾಗ ಮಾಡಿ, ಕೆಳಗಿನ ಬಾಗಿಲಿಂದ ಸಾಗಿಸ್ಬೇಕು. ಬೇರೆ ದಾರಿನೇ ಇಲ್ಲ."

ಅದರ ಬೆನ್ನಿಗೇ ಕ್ರೇನಕ್ಕ ಎಂಬಾಕೆ ಮೇಲೆ ಬಿದ್ದಳು. ಹೆಸರೇ ಹೇಳುವಂತೆ ಕ್ರೇನ್ ಓಡಿಸುವವಳು. "ಬಿಚ್ಚೋದು ಯಾಕಜ್ಜಾ? ಮೇಲಿಂದ ಎತ್ತಿದ್ರೆ ಹಲ್ಲು ಕಿತ್ತ ಹಾಗೆ ಬರುತ್ತೆ."

"ಎತ್ತಿ ಎಲ್ಲಿಡ್ತೀರಿ?" ಎಂದು ಮೂಗು ತೂರಿಸಿದ ಮನೆ ಸಾಮಾನು ಸಾಗಿಸುವ, ಗಂಟುಮೂಟೆ ಎಂಬ ಅಡ್ಡಹೆಸರಿನವನು. "ಲಾರಿ ಬೇಕು, ಗೋಡೌನ್ ಬೇಕು. ಎರಡೂ ನನ್ ಹತ್ರ ಇದೆ ಅನ್ನಿ."

ಮೂವರೂ ಜುಟ್ಟು ಹಿಡಿದುಕೊಂಡು ಜಗಳಕ್ಕೆ ನಿಂತರು. ನಡುನಡುವೆ ಕನ್ನಡಕದವನನ್ನು ಕೇಳುವರು: ಲಿಫ್ಟು ಓಡಾಡುವ ಬಾವಿಯ ಮೇಲಿನ ಛಾವಣಿ ಕಾಂಕ್ರೀಟೋ ತಗಡೋ? ಕಾವಲುಗಾರ ಊಟಕ್ಕೆ ಹೋಗುವುದು ಯಾವಾಗ? ಇವನಿಗೆ ಗೊತ್ತಿದ್ದದ್ದು ತಾನಿರುವ ಕಟ್ಟಡವೊಂದೇ. ತನ್ನದೇ ಕಟ್ಟಡದ ಅಳತೆ ತೆಗೆದು ಕೊಟ್ಟ, ಫೋಟೊ ಹಾಕಿದ, ಬೀದಿಯ ಹೆಸರನ್ನೂ ಅಗಲವನ್ನೂ ಹೇಳಿದ. ಅಪರಿಚಿತರು ತನ್ನ ಕಥೆಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರಲ್ಲ ಎಂದು ಪ್ರತಿ ಉತ್ತರಕ್ಕೂ ಎರಡೆರಡು ಸಲ ಧನ್ಯವಾದ ಬರೆದ. ಕೊನೆಗೆ ಹಗ್ಗದಜ್ಜ ಬರೆದ: "ಬಾಯಲ್ಲಿ ಹೇಳಿ ಏನು ಬಂತು? ಮಾಡಿ ನೋಡದೆ ಒಬ್ಬ ಲೇಖಕನಿಗೆ ತಪ್ಪು ಮಾಹಿತಿ ಕೊಡೋದು ನನ್ನಿಂದ ಆಗಲ್ಲ." ಕನ್ನಡಕದವನು ಅದಕ್ಕೊಂದು ಹೆಬ್ಬೆರಳಿನ ಚಿತ್ರ ಒತ್ತಿ ಕೆಲಸಕ್ಕೆ ಹೋದ.

ಅದಾದ ಕೆಲವೇ ದಿನಕ್ಕೆ, ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದವನು ಎಂದಿನಂತೆ ಲಿಫ್ಟಿನ ಗುಂಡಿ ಒತ್ತಲು ಬೆರಳು ಚಾಚಿದರೆ ಗುಂಡಿಯೇ ಇಲ್ಲ. ಬಾಗಿಲಿದ್ದ ಜಾಗಕ್ಕೆ ಹಲಗೆ ಬಡಿದು, ಮೇಲೆ ನೀಟಾಗಿ ಬರೆದು ಅಂಟಿಸಿದ್ದರು: 'ಲಿಫ್ಟ್ ಇಲ್ಲ. ದಯವಿಟ್ಟು ಸಹಕರಿಸಿ.' ಹಲಗೆಯ ಸಂದಿಯಲ್ಲಿ ಕಣ್ಣಿಟ್ಟು ಮೇಲೆ ನೋಡಿದ. ಐದು ಮಹಡಿ ಎತ್ತರದಲ್ಲಿ ಒಂದು ಚೌಕ ಆಕಾಶ ಕಂಡಿತು. ಅದರೊಳಗೆ ಒಂದು ಹಕ್ಕಿ ಹಾದುಹೋಯಿತು.

ಪಕ್ಕದಲ್ಲೇ ಕಟ್ಟಡದ ಕಾರ್ಯದರ್ಶಿ ಮುಖ ಅರಳಿಸಿಕೊಂಡು ನಿಂತಿದ್ದರು.

"ಕೊನೆಗೂ ಬಂದ್ರಪ್ಪಾ ಕಂಪನಿಯವ್ರು! ಕಿರ್ರ್ ಅನ್ನುತ್ತೆ, ಕಿರ್ರ್ ಅನ್ನುತ್ತೆ ಅಂತ ಫೋನ್ ಮಾಡಿ ಮಾಡಿ ನನ್ನ ಗಂಟಲೇ ಕಿರ್ರ್ ಅಂತಿತ್ತು. ಬಂದವ್ರು ಎಂಥ ಮರ್ಯಾದಸ್ಥರು ಅಂತೀರಿ. ಪೂರ್ತಿ ಲಿಫ್ಟನ್ನೇ ತಗೊಂಡ್ ಹೋದ್ರು!"

"ಯಾರು ಏನು ಅಂತ ವಿಚಾರಿಸಿದ್ರಾ ಸರ್?"

"ಹೆಲ್ಮೆಟ್ ಹಾಕ್ಕೊಂಡಿದ್ರಲ್ರೀ!" ಎಂದರು ಕಾರ್ಯದರ್ಶಿ, ಅದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು ಎನ್ನುವ ಹಾಗೆ. "ಬಿಸಿಲಲ್ಲಿ ಪಾಪ ಬೆವೆತುಹೋಗಿದ್ರು. ನಾನೇ ಎಲ್ಲರಿಗೂ ನಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟೆ."

ಅಷ್ಟರಲ್ಲಿ ಹೆಂಡತಿ ಮೆಟ್ಟಿಲಿಳಿದು ಬಂದಳು. "ಅತ್ತೆ ಎಲ್ಲೂ ಕಾಣ್ತಿಲ್ಲ ರೀ. ಅಕ್ಕಪಕ್ಕ ಎಲ್ಲ ಕೇಳಿದೆ."

ಕನ್ನಡಕದವನು ಮತ್ತೆ ಹಲಗೆಯತ್ತ ತಿರುಗಿದ. ಮಂಡಿನೋವಿನ ತಾಯಿಗೆ ಆ ಲಿಫ್ಟೇ ಜಗಲಿಯಾಗಿತ್ತು. ಮನೆಕೆಲಸ ಮುಗಿಯುತ್ತಲೇ ಒಂದು ಸ್ಟೂಲು, ಬಿಡಿಸಲು ಒಂದಿಷ್ಟು ಬಟಾಣಿ ತಗೊಂಡು ಲಿಫ್ಟಿನ ಮೂಲೆಯಲ್ಲಿ ಕೂತರೆ ಊಟದವರೆಗೂ ಮೇಲೆ ಕೆಳಗೆ ಓಡಾಡುತ್ತ, ಹತ್ತಿಳಿಯುವವರ ಕಷ್ಟಸುಖ ವಿಚಾರಿಸುತ್ತಿದ್ದಳು. ಅವನು ತಾಯಿಗೆ ಫೋನ್ ಮಾಡಿದ.

"ಅಮ್ಮಾ, ಎಲ್ಲಿದ್ದೀಯ?"

"ಲಿಫ್ಟಲ್ಲಿ ಇದ್ದೀನಿ ಕಣೋ."

"ಲಿಫ್ಟ್ ಎಲ್ಲಿದೆ?"

"ಅದು ನಂಗೇನು ಗೊತ್ತು? ಈಗಷ್ಟೇ ಲಾರಿಯಿಂದ ಇಳಿಸ್ತಿದ್ದಾರೆ."

"ನಿನ್ನನ್ನ ಮೊದಲೇ ಇಳಿಸಬಾರದಾಗಿತ್ತಾ ಅವ್ರು?"

"ಅವ್ರನ್ನ ಬೈಬೇಡ. ಇಳೀರಿ ಅಜ್ಜಿ ಅಂತ ಕೇಳಿದ್ರು. ನಾನೇ, ಐದನೇ ಮಹಡಿಗೆ ಹೋಗೋಳು, ಮಧ್ಯದಲ್ಲಿ ಯಾಕೆ ಇಳೀಲಿ ಅಂದೆ. ಐದನೇದು ಬಂತು, ನಿಲ್ಲಲೇ ಇಲ್ಲ. ಹಾಗೇ ಮೇಲೆ ಹೋಯ್ತು. ಬಾಗಿಲು ತೆರೆದೇ ಇತ್ತು, ಊರೆಲ್ಲ ಕಾಣಿಸ್ತು ನೋಡು! ನಿನ್ನ ಅಂಗಡಿ ಮಾಳಿಗೆ ಮೇಲೆ ಒಂದು ಮುರಿದ ಕುರ್ಚಿ ಇದೆಯಲ್ಲ, ಅದೂ ಕಾಣಿಸ್ತು."

ಪೊಲೀಸರಿಗೆ ಹೇಳೋಣವೆಂದಳು ಹೆಂಡತಿ. ಏನೆಂದು ಹೇಳುವುದು? ಕಾವಲುಗಾರ ಊಟಕ್ಕೆ ಹೋಗುವ ಹೊತ್ತನ್ನು ಬರೆದುಕೊಟ್ಟವನೇ ತಾನು. ತಾಯಿಯ ಕೈಯಿಂದ ಫೋನು ಇಸಿದುಕೊಂಡ ಗಂಟುಮೂಟೆ ದಾರಿ ಹೇಳಿದ ಮೇಲೆ, ಕನ್ನಡಕದವನು ಅಂಗಡಿಗೆ ಅರ್ಧ ದಿನದ ರಜೆ ಹೇಳಿ, ಬಸ್ಸು ಹತ್ತಿ ಊರಾಚೆಯ ಗೋಡೌನಿಗೆ ಹೋದ.

ಹಾಳೆ ಸುತ್ತಿದ ಸೋಫಾಗಳ, ಕಟ್ಟಿಟ್ಟ ಮಂಚಗಳ ನಡುವೆ ಅವನ ಲಿಫ್ಟು ಬಾಗಿಲು ತೆರೆದುಕೊಂಡು ನಿಂತಿತ್ತು. ಎಲ್ಲಿಂದಲೋ ತಂತಿ ಎಳೆದು ದೀಪವನ್ನೂ ಫ್ಯಾನನ್ನೂ ಹಾಕಿಕೊಟ್ಟಿದ್ದರು. ಒಳಗೆ ತಾಯಿ ಟೀ ಕುಡಿಯುತ್ತಿದ್ದಳು. ಉದ್ದನೆಯ ಸಣಕಲು ಮುದುಕನೊಬ್ಬ, ಭುಜ ಅಗಲದ ಹೆಂಗಸೊಬ್ಬಳು, ಸದಾ ಬೆನ್ನು ಒತ್ತಿಕೊಳ್ಳುವ ದಪ್ಪ ಮನುಷ್ಯನೊಬ್ಬ ಓಡಿ ಬಂದು ಇವನ ಕೈ ಹಿಡಿದು ಕುಲುಕಿದರು. ಯಾರು ಯಾರೆಂದು ಕೇಳಬೇಕಾಗಿರಲಿಲ್ಲ.

"ಕ್ರೇನಕ್ಕ ಹೇಳಿದ್ದೇ ಸರಿ," ಎಂದ ಹಗ್ಗದಜ್ಜ ಪೆಚ್ಚಾಗಿ. "ಮೇಲಿಂದಾನೇ ಬಂತು. ನನ್ನ ತಪ್ಪು ಒಪ್ಕೋತೀನಿ. ನೀವು ಹಾಗೇ ಬರೀಬಹುದು."

"ವಾಪಸ್ ಕೊಡಿ ಅಜ್ಜಾ, ದಮ್ಮಯ್ಯ. ಜನ ಐದು ಮಹಡಿ ಹತ್ತಿ ಸಾಯ್ತಿದ್ದಾರೆ."

"ಕೊಡೋಣ. ಅದಕ್ಕೇನಂತೆ," ಎಂದಳು ಕ್ರೇನಕ್ಕ. "ಅಧ್ಯಾಯ ಎಲ್ಲಿ?"

"ಯಾವ ಅಧ್ಯಾಯ?"

ಮೂವರೂ ಮುಖ ಮುಖ ನೋಡಿಕೊಂಡರು. ಗಂಟುಮೂಟೆ ಬೆನ್ನು ಒತ್ತಿಕೊಳ್ಳುವುದನ್ನು ನಿಲ್ಲಿಸಿದ.

"ಬರೆದೇ ಇಲ್ವಾ?"

ಕನ್ನಡಕದವನು ತಲೆ ತಗ್ಗಿಸಿದ. ಇನ್ನೂ ಮಾಹಿತಿ ಕಲೆಹಾಕುತ್ತಿದ್ದೇನೆ, ಮುಖಪುಟ ರೆಡಿಯಾಗಿದೆ, ಕಳ್ಳನ ಹೆಸರೊಂದು ನಿಕ್ಕಿಯಾಗಬೇಕು ಎಂದೆಲ್ಲ ತೊದಲಿದ. ಕ್ರೇನಕ್ಕನ ಮುಖ ಕೆಂಪೇರಿತು. "ನಾನೂ ಕ್ರೇನಲ್ಲಿ ಕೂತು ಪ್ರೇಮಕಥೆ ಬರೆಯೋಳೇ. ಈ ಅಜ್ಜಂದು ಮೂರನೇ ಪತ್ತೇದಾರಿ ಕಾದಂಬರಿ. ನಮ್ಮ ನಮ್ಮ ಬರವಣಿಗೆ ಪಕ್ಕಕ್ಕಿಟ್ಟು ನಿಮಗೋಸ್ಕರ ಲಿಫ್ಟ್ ಕದ್ದಿದ್ದೀವಿ. ನೀವು ಹೆಸರು ಹುಡುಕ್ತಾ ಕೂತಿದ್ದೀರಾ? ಬರೆದು ಕೊಡಿ, ಲಿಫ್ಟ್ ತಗೊಂಡ್ ಹೋಗಿ."

ಮನೆಗೆ ಹೋಗಿ ಬರೆಯುತ್ತೇನೆಂದು ಅವನು ಗೋಗರೆದ. ಅವರು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅವನನ್ನು ಲಿಫ್ಟಿನೊಳಕ್ಕೆ ದೂಡಿ, ಒಂದಿಷ್ಟು ಹಾಳೆ, ಪೆನ್ನು ಕೊಟ್ಟು ಬಾಗಿಲೆಳೆದರು.

ಬಾಗಿಲು ಮುಚ್ಚಿದ ಕೂಡಲೇ ಅವನು ಅಭ್ಯಾಸಬಲದಿಂದ ಫೋನು ತೆಗೆದ. ಉಕ್ಕಿನ ಡಬ್ಬಿಯೊಳಗೆ ಸಿಗ್ನಲ್ಲಿನ ಸುಳಿವಿಲ್ಲ. ಹೆಸರಿನ ತಾಣವಿಲ್ಲ, ಚಕ್ರವಿಲ್ಲ, ಮಳೆಯಿಲ್ಲ. ತಾಯಿ ಇದ್ದಳು.

"ಅಮ್ಮಾ, ಕಳ್ಳನಿಗೆ ಏನು ಹೆಸರಿಡ್ಲಿ?"

"ಕಳ್ಳ ಅನ್ನು ಸಾಕು. ಅವನೇನು ಮನೆಗೆ ಊಟಕ್ಕೆ ಬರ್ತಾನಾ?"

ಅವನು ನೆಲದ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಹಾಳೆಯಿಟ್ಟುಕೊಂಡ. ಮೊದಲ ಸಾಲು ಹಲ್ಲುನೋವಿನಂತೆ ಹಿಂಸೆ ಕೊಟ್ಟಿತು. ಎರಡನೆಯದನ್ನು ಹೊಡೆದು ಹಾಕಿದ. ತಾಯಿ ಬಟಾಣಿಯ ಖಾಲಿ ಸಿಪ್ಪೆಗಳನ್ನು ಮತ್ತೊಮ್ಮೆ ಬಿಡಿಸಿ ನೋಡುತ್ತ, ಮೂರನೆಯ ಮಹಡಿಯವರ ಮಗಳ ಸಂಬಂಧ ಮುರಿದ ಕಥೆ ಹೇಳುತ್ತಿದ್ದಳು. ಯಾವಾಗಲೋ ಅವಳ ಮಾತು ಅವನ ಕಿವಿಗೆ ಬೀಳುವುದು ನಿಂತುಹೋಯಿತು. ಅವನ ಕಳ್ಳ ಲಾರಿಯ ಹಿಂದೆ ಲಿಫ್ಟನ್ನು ನಿಲ್ಲಿಸಿ ಹಗ್ಗ ಕಟ್ಟಿ ಹೊರಟೇಬಿಟ್ಟ. ಕನ್ನಡಕದವನು ಅವನ ಹಿಂದೆ ಏದುಸಿರು ಬಿಡುತ್ತ ಓಡಿದ. ಪೆನ್ನಿಡುವ ಹೊತ್ತಿಗೆ ತಾಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಬಾಗಿಲು ತಟ್ಟಿದ. ಹೊರಗೆ ಸಂಜೆಯಾಗಿತ್ತು.

ಸೋಫಾಗಳ ಹಾಳೆ ಸರಿಸಿ ಮೂವರೂ ಕೂತರು. ಅವನು ಓದಿದ. ಕಥೆಯಲ್ಲಿ ಲಾರಿಯ ಮೇಲಿನ ಲಿಫ್ಟು ಪ್ರತಿ ಸಿಗ್ನಲ್ಲಿನಲ್ಲೂ ತಾನಾಗಿ ಬಾಗಿಲು ತೆರೆಯುತ್ತಿತ್ತು. ಇಷ್ಟು ಕಾಲ ಮೇಲೆ ಕೆಳಗೆ ಮಾತ್ರ ಗೊತ್ತಿದ್ದ ಅದು, ಅಡ್ಡಡ್ಡ ಹೋಗುವುದನ್ನು ಈಗಷ್ಟೇ ಕಲಿತು, ಯಾರಾದರೂ ಹತ್ತುತ್ತಾರೇನೋ ಎಂದು ಕಾಯುತ್ತಿತ್ತು. ಯಾರೂ ಹತ್ತದಿದ್ದಾಗ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಹಗ್ಗದಜ್ಜ ತಡೆಯಲಾರದೆ ಎದ್ದು ನಿಂತ. "ಸಾಧ್ಯವೇ ಇಲ್ಲ! ಕರೆಂಟಿಲ್ಲದೆ ಬಾಗಿಲು ತೆರೆಯಲ್ಲ. ಮೋಟರ್‌ಗೆ..."

"ಸುಮ್ನಿರಿ ಅಜ್ಜಾ," ಎಂದಳು ಕ್ರೇನಕ್ಕ, ಮೂಗೊರೆಸಿಕೊಳ್ಳುತ್ತ. "ತೆರ್ಕೊಳ್ಲಿ ಬಿಡಿ."

ಗಂಟುಮೂಟೆ ಬೆನ್ನು ಒತ್ತಿಕೊಳ್ಳುತ್ತ, ಕಳ್ಳ ಹಗ್ಗ ಕಟ್ಟಿದ ರೀತಿ ಮಾತ್ರ ತಪ್ಪು, ಹಾಗೆ ಕಟ್ಟಿದರೆ ಮೊದಲ ತಿರುವಿನಲ್ಲೇ ಬೀಳುತ್ತದೆ ಎಂದ. ಅದನ್ನು ತಿದ್ದಲು ಕನ್ನಡಕದವನು ಒಪ್ಪಿದ. ಬಾಗಿಲಿನ ವಿಷಯದಲ್ಲಿ ಜಗ್ಗಲಿಲ್ಲ.

ಅಮ್ಮನನ್ನು ಲಾರಿಯಲ್ಲೇ ಮನೆಗೆ ಬಿಟ್ಟರು. ಐದು ಮಹಡಿಯನ್ನು ಅವಳು ಮಗನ ಬೆನ್ನೇರಿ ಹತ್ತಿದಳು. ಪ್ರತಿ ಮಹಡಿಯಲ್ಲೂ ನಿಲ್ಲಿಸಿ, ಆಯಾ ಮನೆಯವರಿಗೆ ತಾನು ಆಕಾಶಕ್ಕೆ ಹೋಗಿಬಂದ ಸಂಗತಿ ಹೇಳಿದಳು. ಮರುದಿನ ಹೆಲ್ಮೆಟ್ಟಿನವರು ಮತ್ತೆ ಬಂದು ಲಿಫ್ಟನ್ನು ಮೇಲಿನಿಂದ ಇಳಿಸಿ ಕೂರಿಸಿ ಹೋದರು. ಹಗ್ಗದಜ್ಜ ಸುಮ್ಮನೆ ಕೈಕಟ್ಟಿ ಕೂರುವ ಜನ್ಮವಲ್ಲವಾದ್ದರಿಂದ, ಅಲ್ಲಿ ಇಲ್ಲಿ ಎಣ್ಣೆ ಹಾಕಿ ಕಿರ್ರೆನ್ನುವುದನ್ನೂ ನಿಲ್ಲಿಸಿದ್ದ. ಕಾರ್ಯದರ್ಶಿಗಳು ಆನಂದಬಾಷ್ಪ ಸುರಿಸುವುದೊಂದು ಬಾಕಿ. ಇವರನ್ನೇ ಕಾಯಂ ಮಾಡಿಕೊಳ್ಳೋಣ, ಕಂಪನಿಯ ಹೆಸರೇನು ಎಂದು ಕೇಳಿದರು. "ಕೇಳಿ ಬರೆಯಿರಿ," ಎಂದ ಗಂಟುಮೂಟೆ. ಕಾರ್ಯದರ್ಶಿಗಳು ಪೆನ್ನು ತೆಗೆದು, "ಕೇಳ್ತಾ ಇದ್ದೀನಿ, ಹೇಳಿ," ಎಂದು ಕಾದು ನಿಂತರು.

ಆ ಭಾನುವಾರ ಹೆಂಡತಿ ಅಡುಗೆಮನೆಯಲ್ಲಿ ನಿಂತೇ ಆರನೆಯ ಅಧ್ಯಾಯ ಓದಿದಳು. ಅವನು ಬಾಗಿಲ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದ. ನಗಬಾರದ ಒಂದು ಕಡೆ ಅವಳು ನಕ್ಕಳು. ನಗಲೇಬೇಕಾದ ಕಡೆ ಹಾಳೆ ಕೆಳಗಿಟ್ಟು ಒಲೆಯ ಉರಿ ಸಣ್ಣ ಮಾಡಿದಳು. ಕೊನೆಯ ಪುಟ ಮುಗಿಸಿ, ಅದರ ಹಿಂಬದಿಯಲ್ಲೂ ಏನಾದರೂ ಇದೆಯೋ ಎಂದು ತಿರುಗಿಸಿ ನೋಡಿದಳು.

"ಆಮೇಲೆ ಏನಾಗುತ್ತೆ?"

"ಗೊತ್ತಿಲ್ಲ ಕಣೇ."

"ಮತ್ತೆ ಇಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ದೀರಾ?" ಎಂದಳು.

ಅವನು ಒಳಗೆ ಹೋಗಿ ಕೂತ.